ಕರೂರು ಪಾರಮ್ಮನ ಬಾಯಿ

ಕರೂರಿನ ಪಾರಮ್ಮನ ಬಾಯಿಗೆ ಹೆದರದವರು ಆ ಊರಲ್ಲೇ ಇಲ್ಲ. ಭತ್ತದ ಸಸಿ ಹಚ್ಚುವ ಹೆಂಗಸರ ಗುಂಪಿಗೆ ಅವಳೇ ಮುಂದಾಳು. ಬದುವಿನ ಮೇಲೆ ನಿಂತು ಒಂದು ಸಲ ಕೂಗಿದರೆ ಕಾಲುವೆಯಾಚೆ ಹರಟುತ್ತಿದ್ದವರೂ ಸೆರಗು ಬಿಗಿದು ಬಗ್ಗುತ್ತಾರೆ. ಬುತ್ತಿ ಬಿಚ್ಚಲು ಬಿಡುವು ಕೊಡದ ಹೊಲದೊಡೆಯನನ್ನು ಅವನ ಗದ್ದೆಯ ಕೆಸರಲ್ಲೇ ನಿಲ್ಲಿಸಿ ನೀರಿಳಿಸಿದವಳು. ಗಂಡ ಎರ್ರೆಪ್ಪ ತೀರಿಕೊಂಡ ವರ್ಷ ಹೊಲಕ್ಕೆ ಕಣ್ಣು ಹಾಕಿದ ಮೈದುನರನ್ನು ಅಂಗಳ ದಾಟದಂತೆ ಅಟ್ಟಿದವಳು. ಬಾಯಿ ಇಲ್ಲದಿದ್ದರೆ ನಾಯಿ ನರಿ ತಿಂದು ಹಾಕುತ್ತಿದ್ದವು ಎಂದು ಅವಳೇ ಹೇಳುತ್ತಾಳೆ, ಅದು ಸುಳ್ಳೂ ಅಲ್ಲ.

ಇಂಥವಳ ಹೊಟ್ಟೆಯಲ್ಲಿ ಚೈತ್ರಾ ಹುಟ್ಟಿದಳು. ಮನೆಗೆ ಯಾರಾದರೂ ಬಂದರೆ ಬಾಗಿಲ ಹಿಂದೆ ಸರಿಯುವ ಹುಡುಗಿ. ಅಂಗಡಿಗೆ ಕಳಿಸಿದರೆ ಗಿರಾಕಿಗಳೆಲ್ಲ ಹೋಗುವ ತನಕ ಮರೆಯಲ್ಲಿ ನಿಂತಿದ್ದು, ಕೊನೆಗೆ ಬರಿಗೈಯಲ್ಲಿ ಮರಳುವವಳು. ಊರವರು ಇದಕ್ಕೆ ಏನಂದರು ಗೊತ್ತೇ? "ಚಿನ್ನದಂಥಾ ಹುಡುಗಿ, ತಲಿ ಎತ್ತಿ ನೋಡಂಗಿಲ್ಲ!" ಎಂದರು. ಪಾರಮ್ಮನೂ ಉಬ್ಬಿದಳು. ತನ್ನಂಥ ಗಯ್ಯಾಳಿಗೆ ಇಂಥ ಮಗಳನ್ನು ಕೊಟ್ಟನಲ್ಲ ದೇವರು ಎಂದು ಹಣೆಗೆ ಕೈ ಹಚ್ಚಿ ಮುಗಿದಳು.

ಆ ಹುಡುಗಿ ಓದಿನಲ್ಲಿ ಜಾಣೆ. ಡಿಗ್ರಿ ಮುಗಿಸಿ ಬಿ.ಎಡ್. ಸೇರಿದಳು. ಅಲ್ಲಿ ಒಂದು ದಿನ ಮಕ್ಕಳ ಎದುರು ನಿಂತು ಪಾಠ ಮಾಡಬೇಕಾಗಿ ಬಂತು, ಹಿಂದಿನ ಬೆಂಚಿನಲ್ಲಿ ಮೇಷ್ಟ್ರು ಕೂತಿದ್ದರು. ಚಾಕ್ ಹಿಡಿದದ್ದೇ ತಡ, ಮೈಯೆಲ್ಲ ಬೆವರಿತು, ಹಲಗೆಯ ಬುಡದಲ್ಲೇ ವಾಂತಿಯಾಯಿತು. ಮಕ್ಕಳು ನಕ್ಕರು. ಚೈತ್ರಾ ಬಸ್ ಹತ್ತಿ ಮನೆಗೆ ಬಂದವಳು ಮತ್ತೆ ಕಾಲೇಜಿನ ಮುಖ ನೋಡಲಿಲ್ಲ. ಪಾರಮ್ಮ ಬೈದಳು, ಅತ್ತಳು, ಗಾಳಿ ಸೋಕಿದೆ ಎಂದು ತಾಯಿತ ಕಟ್ಟಿಸಿದಳು. ಏನು ಮಾಡಿದರೂ ಹುಡುಗಿ ಹೊಸ್ತಿಲು ದಾಟಲಿಲ್ಲ.

ಅಷ್ಟರಲ್ಲಿ ಕುರುಗೋಡಿನಿಂದ ಹೆಣ್ಣು ನೋಡಲು ಬಂದರು. ಚೈತ್ರಾ ಚಹಾದ ತಟ್ಟೆ ಹಿಡಿದು ಬಂದಳು. ಲೋಟ ಉರುಳಿ, ಕುದಿಯುವ ಚಹಾ ಅವಳ ಮುಂಗೈ ಮೇಲೇ ಚೆಲ್ಲಿತು. ಹುಡುಗಿ ಹ್ಞಾಂ ಅನ್ನಲಿಲ್ಲ, ಹೂಂ ಅನ್ನಲಿಲ್ಲ, ತಟ್ಟೆಯನ್ನು ಹಾಗೇ ಹಿಡಿದು ನಿಂತಳು. ಹುಡುಗನ ತಾಯಿ ವಿರೂಪಮ್ಮ ಹಿಗ್ಗಿ ಹೀರೇಕಾಯಿಯಾದಳು.

"ಬಾಯಿ ಇಲ್ಲದ ಹುಡುಗಿ! ಇಂಥಾಕಿನ ಬೇಕಾಗಿತ್ತು ನೋಡ್ರಿ ನಮಗ," ಎಂದಳು.

ಅವರು ಹೋದ ಮೇಲೆ ಪಾರಮ್ಮ ಮಗಳ ಕೈ ಹಿಡಿದು ನೋಡಿದಳು. ಬೊಬ್ಬೆ ಎದ್ದು ಚರ್ಮ ಸುಲಿದಿತ್ತು.

"ಇಷ್ಟು ಸುಟ್ಟೈತಿ, ಯಾಕ ಒದರಲಿಲ್ಲಲೇ?"

"ಎಲ್ಲಾರೂ ನನ್ನ ನೋಡ್ತಿದ್ರವ್ವಾ."

ಇದು ಗುಣವಲ್ಲ, ಇದೇನೋ ಬೇರೆ ಎಂದು ಪಾರಮ್ಮನಿಗೆ ಹೊಳೆದದ್ದು ಆ ಹೊತ್ತಿಗೆ. ಕುರುಗೋಡಿನವರಿಗೆ ಒಲ್ಲೆ ಎಂದು ಹೇಳಿ ಕಳಿಸಿ, ಮರುದಿನವೇ ಮಗಳನ್ನು ಕಟ್ಟಿಕೊಂಡು ಬಳ್ಳಾರಿಗೆ ಹೋದಳು.

ಬಳ್ಳಾರಿಯಲ್ಲಿ ಸುಟ್ಟ ಕೈಗೆ ಮುಲಾಮು ಹಚ್ಚಿದ ನರ್ಸೇ ಅವರನ್ನು ಒಂದು ಸಂಸ್ಥೆಯ ದವಾಖಾನೆಗೆ ಕಳಿಸಿದಳು. ಅಲ್ಲಿ ಅರುಣಾ ಎಂಬ ಡಾಕ್ಟರಮ್ಮ ಇದ್ದರು. ಅವರು ಚೈತ್ರಾಳನ್ನು ಮಾತಾಡು ಎಂದು ಒತ್ತಾಯ ಮಾಡಲಿಲ್ಲ. ತಾಯಿಗೆ ಹೇಳಿದರು: "ಇದು ಮಂದಿ ಕಂಡ್ರೆ ಆಗೋ ಭಯ, ಪಾರಮ್ಮ. ಸೊಕ್ಕಲ್ಲ, ಗಾಳಿ ಅಲ್ಲ. ಚಿಕಿತ್ಸೆ ಐತಿ, ವಾಸಿ ಆಕ್ಕೈತಿ. ಸ್ವಲ್ಪ ಸ್ವಲ್ಪನೇ ಜನರೊಳಗ ಬರಾಕ ಕಲೀಬೇಕು, ಅಷ್ಟೇ."

ಹೊರಗಿನ ಬೆಂಚಿನಲ್ಲಿ ಪಾರಮ್ಮ ಸುತ್ತ ನೋಡಿದಳು. ಕಾಲೇಜು ಹುಡುಗರು, ಬಟ್ಟೆ ವ್ಯಾಪಾರಿಯೊಬ್ಬನ ಮಗ, ಜೀನ್ಸ್ ಹೊಲಿಯುವ ಹೆಣ್ಣುಮಗಳು, ಎಲ್ಲರೂ ಜ್ವರಕ್ಕೆ ಬಂದವರ ಹಾಗೆ ಮೊಬೈಲ್ ನೋಡುತ್ತ ಕೂತಿದ್ದರು. ಯಾರಿಗೂ ಯಾರ ಗೊಡವೆಯೂ ಇಲ್ಲ. ಪಾರಮ್ಮನಿಗೆ ಸಿಟ್ಟು ನೆತ್ತಿಗೇರಿತು. ಬಳ್ಳಾರಿಯಲ್ಲಿ ಔಷಧ ಕೊಡುವ ಕಾಯಿಲೆಯನ್ನು ನಮ್ಮೂರಲ್ಲಿ ಹಾಡಿ ಹೊಗಳಿ ಹೆಣ್ಣು ಕೇಳಲು ಬರುತ್ತಾರಲ್ಲ! ಇಷ್ಟು ವರ್ಷ ತಾನೂ ಕೈಮುಗಿದೆನಲ್ಲ!

ನಾಲ್ಕಾರು ಸಲ ಬಳ್ಳಾರಿಗೆ ಹೋಗಿ ಬರುವಷ್ಟರಲ್ಲಿ ಚೈತ್ರಾ ಹೋಟೆಲಿನಲ್ಲಿ "ನೀರು ಕೊಡ್ರಿ" ಎನ್ನುವಷ್ಟಾದಳು. ಪಾರಮ್ಮನಿಗೆ ಹಬ್ಬವಾಯಿತು. ಆಗಲೇ ಆ ಸಂಸ್ಥೆಯವರು ಸಿರುಗುಪ್ಪದಲ್ಲೂ ಕುರುಗೋಡಿನಲ್ಲೂ ವಾರಕ್ಕೊಂದು ದಿನ ನೋಡುತ್ತೇವೆ ಎಂದರು. ಕೂಲಿಯ ದಿನ ಉಳಿಯುತ್ತದೆ, ಹತ್ತಿರವಾಗುತ್ತದೆ ಎಂದು ತಾಯಿ ಮಗಳು ಸಿರುಗುಪ್ಪಕ್ಕೆ ಹೋದರು.

ಹೋಗಿ ನೋಡಿದರೆ ಏನು? ಬಸ್‌ಸ್ಟ್ಯಾಂಡ್ ಹತ್ತಿರದ ಸಮುದಾಯ ಭವನದ ಮುಂದೆ ಶಾಮಿಯಾನ, ಬ್ಯಾನರು, ಸಾಲಾಗಿ ಪ್ಲಾಸ್ಟಿಕ್ ಕುರ್ಚಿ. ಬೆಳಗಿನಿಂದ ಆಟೋದಲ್ಲಿ ಮೈಕು ಕಟ್ಟಿ ಓಣಿ ಓಣಿ ಸಾರಿದ್ದರು: ಜನರ ಮುಂದೆ ಮಾತಾಡಲು ಹೆದರುವವರು ಎಲ್ಲರೂ ಬರಬೇಕು! ಜಾತ್ರೆಗೆ ನಾಟಕ ಸಾರುವುದೂ ಹೀಗೇ, ಕಣ್ಣಿನ ಆಪರೇಷನ್ ಸಾರುವುದೂ ಹೀಗೇ, ಇದೂ ಹೀಗೇ. ಕಟ್ಟೆಯ ಮೇಲೆ ಒಬ್ಬ ಬಳ್ಳಾರಿಯಿಂದ ಬಂದ ಪಟ್ಟಿ ನೋಡುತ್ತ ಮೈಕು ಹಿಡಿದು ಕೂಗುತ್ತಿದ್ದ.

"ಕರೂರಿನ ಚೈತ್ರಾ! ಮಂದಿ ಭಯ! ಮುಂದಕ್ಕ ಬರಬೇಕು!"

ಚಹಾ ಅಂಗಡಿಯಲ್ಲಿ ಕೂತವರೆಲ್ಲ ತಿರುಗಿದರು. ಚೈತ್ರಾ ಗೇಟಿನಿಂದಲೇ ಹಿಂದಿರುಗಿದಳು. ಅವಳೊಬ್ಬಳೇ ಏನು, ಆ ಶಾಮಿಯಾನದ ಕೆಳಗೆ ಯಾವ ಹೆದರಿದ ಜೀವ ಬಂದೀತು? ತಲೆ ಕೆಟ್ಟವರ ಬುದ್ಧಿ! ಬಂದವರು ಮೊಣಕಾಲು ನೋವಿನ ಮುದುಕರು. ಕೆಲವೇ ವಾರಕ್ಕೆ ಬ್ಯಾನರು ಸುತ್ತಿಟ್ಟರು. ತಾಯಿ ಮಗಳು ಮತ್ತೆ ಬಳ್ಳಾರಿ ಬಸ್ ಹಿಡಿದರು.

ಮುಂದಿನ ತಿಂಗಳು ಪಾರಮ್ಮ ಗುಂಪು ಕಟ್ಟಿಕೊಂಡು ಕುರುಗೋಡು ಕಡೆ ಸಸಿ ಹಚ್ಚಲು ಹೋದಾಗ ಅಲ್ಲಿನ ರೀತಿ ಕಂಡಳು. ಮಕ್ಕಳಿಗೆ ಸೂಜಿ ಹಾಕುವ ಕೋಣೆಯಲ್ಲೇ, ಸೂಜಿ ಹಾಕುವ ದಿನವೇ ಅರುಣಾ ಡಾಕ್ಟರು ಕೂತಿದ್ದರು. ಬ್ಯಾನರಿಲ್ಲ, ಮೈಕಿಲ್ಲ. ಯಾವ ಹೆಂಗಸು ಯಾತಕ್ಕೆ ಬಂದಳೆಂದು ದೇವರಿಗೇ ಗೊತ್ತು. ಜನ ಬರುತ್ತಿದ್ದರು.

ಹೀಗಿರುವಾಗ ಸಂಸ್ಥೆಯ ಮೇಲ್ವಿಚಾರಕ ಚಿದಾನಂದಪ್ಪ ಸಿರುಗುಪ್ಪದ ಅದೇ ಸಮುದಾಯ ಭವನದೊಳಗೆ ಜನರ ಸಭೆ ಕರೆದ. ಅರುಣಾ ಡಾಕ್ಟರು ಚೈತ್ರಾಳಿಗೆ ಹೇಳಿದ್ದರು: "ನೀನೂ ಬಾ. ಮಾತಾಡೋದು ಬ್ಯಾಡ. ಹಿಂದಿನ ಸಾಲಿನ್ಯಾಗ ಕೊನೀ ತನಕ ಕುಂತು ಎದ್ದು ಹೋದ್ರೆ ಸಾಕು, ನೀ ಗೆದ್ದಂಗ." ಚೈತ್ರಾ ಬಂದಳು. ಬಾಗಿಲ ಪಕ್ಕದ ಕುರ್ಚಿಯಲ್ಲಿ, ತುಂಬಿದ ಸಭೆಯಲ್ಲಿ, ದುಪಟ್ಟಾದ ಅಂಚು ಬೆರಳಿಗೆ ಸುತ್ತಿಕೊಂಡು ಕೂತಳು. ಪಾರಮ್ಮ ಮುಂದಿನ ಸಾಲಿನಿಂದ ತಿರುಗಿ ತಿರುಗಿ ನೋಡಿದಳು. ಮಗಳು ಇನ್ನೂ ಕೂತೇ ಇದ್ದಳು.

ಚಿದಾನಂದಪ್ಪ ಪರದೆಯ ಮೇಲೆ, ಎಲ್ಲಿ ಎಷ್ಟು ಜನ ಬಂದರೆಂಬ ಲೆಕ್ಕದ ಮೂರು ಕಂಬ ತೋರಿಸಿದ. ಬಳ್ಳಾರಿಯ ಕಂಬ ಎತ್ತರ, ಕುರುಗೋಡಿನದು ಅದರ ಅರ್ಧ, ಸಿರುಗುಪ್ಪದ್ದು ನೆಲಕ್ಕೆ ಹತ್ತಿಕೊಂಡಿತ್ತು.

"ನೋಡ್ರಿ, ಬಳ್ಳಾರಿ ಜನಕ್ಕ ಆಸಕ್ತಿ ಐತಿ. ಈ ಭಾಗದ ಜನಕ್ಕ ಆಸಕ್ತಿನೇ ಇಲ್ಲ, ತಿಳುವಳಿಕೆನೂ ಇಲ್ಲ. ಹಂಗಾಗಿ ಇಲ್ಲಿ ಶಾಶ್ವತವಾಗಿ ಬಂದ್ ಮಾಡಾಕ ಹತ್ತೀವಿ."

ಪಾರಮ್ಮ ಎದ್ದು ನಿಂತಳು.

"ಯಾರಿಗಿಲ್ಲ ಸಾಹೇಬ್ರ ತಿಳುವಳಿಕಿ? ಮಂದಿ ಕಂಡ್ರ ಹೆದರೋರನ್ನ ಮಂದ್ಯಾಗ ನಿಲ್ಲಿಸಿ ಮೈಕಿನ್ಯಾಗ ಕರದ್ರಿ. ಕುಂಟಗ ಗುಡ್ಡದ ಮ್ಯಾಲೆ ನಿಂತು ಹತ್ತಿ ಬಾ ಅಂದ್ರ ಬರ್ತಾನೇನ್ರಿ? ಕುರುಗೋಡಿನ್ಯಾಗ ಬಾಗಿಲ ಹಾಕಿ ನೋಡಿದ್ರಿ, ಬಂದ್ರು. ಇಲ್ಲಿ ಶಾಮಿಯಾನ ಹಾಕಿದ್ರಿ, ಬರಲಿಲ್ಲ. ನಿಮ್ಮ ಕಂಬ ಸುಡ್ರಿ ಒಲಿಗೆ!"

ಸಭೆ ಗೊಳ್ಳೆಂದಿತು. ಚಪ್ಪಾಳೆ ಬಿದ್ದವು. ಚಿದಾನಂದಪ್ಪನ ಮುಖ ಕೆಂಪಾಯಿತು.

"ಕುಂದರ್ರಿ ಅಮ್ಮಾ. ಬಾಯಿಗೆ ಬಂದಂಗ ಮಾತಾಡಬ್ಯಾಡ್ರಿ. ಈ ಕಡೆ ಅಂಥಾ ಪೇಷಂಟ್ ಯಾರದಾರ? ಒಬ್ಬರನ್ನ ತೋರಿಸ್ರಿ ನೋಡೋಣ."

"ಇಲ್ಲೇ ಅದಾಳ ನೋಡ್ರಿ!" ಪಾರಮ್ಮನ ಕೈ ಬಾಗಿಲ ಕಡೆ ಚಾಚಿತು. "ಅಕಾ, ಆ ಮೂಲ್ಯಾಗ ಕುಂತಾಳಲ್ಲ, ನನ್ನ ಮಗಳು ಚೈತ್ರಾ! ಸಾಲ್ಯಾಗ ಮಕ್ಕಳ ಮುಂದ ವಾಂತಿ ಮಾಡಿಕೊಂಡಾಕಿ. ಹೆಣ್ಣು ನೋಡಾಕ ಬಂದೋರ ಮುಂದ ಕೈ ಸುಟ್ಟುಕೊಂಡ್ರೂ ಅಳದಾಕಿ. ಪೇಷಂಟ್ ಇಲ್ಲ ಅಂತೀರೇನ್ರಿ? ನೋಡ್ರಿ ಎಲ್ಲಾರೂ, ಕಣ್ಣು ತುಂಬ ನೋಡ್ರಿ!"

ಸಭೆಯ ತಲೆಗಳೆಲ್ಲ ಒಮ್ಮೆಗೇ ತಿರುಗಿದವು. ಚೈತ್ರಾಳ ಮುಖದಲ್ಲಿ ರಕ್ತವಿರಲಿಲ್ಲ. ಅರುಣಾ ಡಾಕ್ಟರು ವೇದಿಕೆಯಿಂದ "ಪಾರಮ್ಮ, ಸಾಕು" ಎಂದರು. ಯಾರಿಗೆ ಕೇಳಬೇಕು? ಮತ್ತೆ ಚಪ್ಪಾಳೆ. ಚಿದಾನಂದಪ್ಪ ತಲೆ ತಗ್ಗಿಸಿ, ಸಿರುಗುಪ್ಪದಲ್ಲೂ ಬಾಗಿಲಿರುವ ಕೋಣೆಯೊಂದನ್ನು ಮಾಡುತ್ತೇವೆ ಎಂದು ಎಲ್ಲರೆದುರು ಒಪ್ಪಿದ. ಪಾರಮ್ಮ ಗೆದ್ದ ಖುಷಿಯಲ್ಲಿ ಹಿಂದೆ ನೋಡಿದಳು. ಬಾಗಿಲ ಪಕ್ಕದ ಕುರ್ಚಿ ಖಾಲಿ ಇತ್ತು.

ಮಗಳು ಸಿಕ್ಕಿದ್ದು ಭವನದ ಹಿಂದಿನ ನೀರಿನ ಟ್ಯಾಂಕಿನ ಬಳಿ, ಗೋಡೆಗೆ ಹಣೆ ಹಚ್ಚಿ ನಿಂತಿದ್ದಳು.

"ಯವ್ವಾ, ಕೋಣಿ ಕೊಡ್ತಾರಂತ! ನಿನ್ನ ಸಲುವಾಗಿ..."

"ನನ್ನ ಸಲುವಾಗಿ ಅನಬ್ಯಾಡ." ಚೈತ್ರಾ ತಿರುಗಿದಳು. ಜೀವಮಾನದಲ್ಲಿ ತಾಯಿಯ ಕಣ್ಣಲ್ಲಿ ಕಣ್ಣಿಟ್ಟು ಹೀಗೆ ನೋಡಿದವಳಲ್ಲ. "ಡಾಕ್ಟರಿಗೆ ಬಾಗಿಲ ಹಾಕಿಕೊಂಡು ಹೇಳಿದ್ದು ಅದು. ಊರಿಗೆಲ್ಲ ಹೇಳಾಕ ನಿನಗ ಯಾರು ಹೇಳಿದ್ರು? ಒಂದು ಮಾತು ನನ್ನ ಕೇಳಿದ್ಯೇನವ್ವಾ? ಇನ್ನ ಕೊನೀ ತನಕ ಸ್ವಲ್ಪನೇ ಹೊತ್ತಿತ್ತು. ನಾ ಕುಂದರತಿದ್ದೆ."

ಮೈದುನರಿಗೆ, ಹೊಲದೊಡೆಯನಿಗೆ, ಸಾಹೇಬನಿಗೆ ಉತ್ತರ ಕೊಟ್ಟ ಪಾರಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ತನ್ನ ಬಾಯಿಗೆ ತಾನೇ ಬೆಂಕಿ ಹಚ್ಚಿಕೊಳ್ಳುವಷ್ಟು ಸಿಟ್ಟು ಬಂತು. ಬಸ್ಸಿನಲ್ಲಿ ಇಬ್ಬರೂ ಬೇರೆ ಬೇರೆ ಸೀಟಿನಲ್ಲಿ ಕೂತು ಊರಿಗೆ ಬಂದರು.

ಸಿರುಗುಪ್ಪದಲ್ಲಿ ಕೋಣೆ ಬಂತು. ತೆಕ್ಕಲಕೋಟೆಯಿಂದಲೂ ಜನ ಬರುತ್ತಾರಂತೆ, ಪಾರಮ್ಮನ ಹೆಸರು ಹೇಳುತ್ತಾರಂತೆ. ಚೈತ್ರಾ ಮಾತ್ರ ಆ ಕಡೆ ಸುಳಿಯಲಿಲ್ಲ, ಸಿರುಗುಪ್ಪದಲ್ಲಿ ಅವಳ ಮುಖ ಎಲ್ಲರಿಗೂ ಗೊತ್ತು. ಬಹಳ ದಿನ ಎಲ್ಲಿಗೂ ಹೋಗಲಿಲ್ಲ. ಒಂದು ಮುಂಜಾನೆ ತಲೆ ಬಾಚಿಕೊಂಡು, ಚಪ್ಪಲಿ ಮೆಟ್ಟಿ ನಿಂತಳು.

"ಬಳ್ಳಾರಿಗೆ ಹೋಗಾಕ ಹತ್ತೀನಿ."

"ತಡಿ, ನಾನೂ..."

"ನೀ ಬರಬ್ಯಾಡ."

ಸ್ವಲ್ಪ ಹೊತ್ತಿಗೆ ಪಾರಮ್ಮ ಗದ್ದೆಯ ಬದುವಿನ ಮೇಲೆ ನಿಂತಿದ್ದಳು. ರಸ್ತೆಯಲ್ಲಿ ಬಸ್ಸು ನಿಂತಿತು, ಹುಡುಗಿ ಹತ್ತಿದಳು, ಬಸ್ಸು ಹೋಯಿತು. ಗುಂಪಿನ ಮಾರೆಮ್ಮ ಸೊಂಟ ನೆಟ್ಟಗೆ ಮಾಡಿ ಕೇಳಿದಳು: "ಚೈತ್ರಾ ಒಬ್ಬಾಕಿನೇ ಎತ್ತಾಗ ಹೊಂಟಾಳ ಬೇ, ಪಾರಮ್ಮ? ಏನಾಗೇತಿ?"

ಗದ್ದೆಯಲ್ಲಿದ್ದ ಅಷ್ಟೂ ಹೆಂಗಸರು ತಲೆ ಎತ್ತಿ ಕಾದರು.

"ನನಗೇನು ಗೊತ್ತವ್ವ," ಎಂದಳು ಪಾರಮ್ಮ, ಕೆಸರಿಗಿಳಿದು ಸಸಿ ಕೈಗೆತ್ತಿಕೊಂಡಳು.