ಯಾರಿಗೂ ಬೇಡವಾಗಿದ್ದ ವಾಕ್ಯ

ವರ್ನಾ ಟಿಲ್‌ಮನ್ ಹುಟ್ಟಿ ಬೆಳೆದದ್ದು ವಾಷಿಂಗ್ಟನ್ನಿನ ನದಿಯಾಚೆಯ ಅನಕೋಸ್ಟಿಯಾದಲ್ಲಿ. ಟೈಪಿಸ್ಟ್ ಆಗಿ ಸಂಸತ್ತಿನ ಕಟ್ಟಡಕ್ಕೆ ಕಾಲಿಟ್ಟವಳು ವಿದೇಶಿ ನೆರವಿನ ಹಣಕ್ಕೆ ಒಪ್ಪಿಗೆ ಕೊಡುವ ಉಪಸಮಿತಿಯ ಗುಮಾಸ್ತೆಯಾಗಿ ಅಲ್ಲೇ ಕೂದಲು ನರೆಸಿಕೊಂಡಳು. ಮಂಡಿನೋವು ಹೆಚ್ಚಾಗಿತ್ತು. ವರ್ಷದ ಕೊನೆಗೆ ನಿವೃತ್ತಿ.

ನೆರವಿನ ಮಸೂದೆಯಲ್ಲಿ ಕೊಡುವ ಮಾತಿಗಿಂತ ಕೊಡಬಾರದೆಂಬ ಮಾತೇ ಹೆಚ್ಚು. ‘ಈ ಹಣವನ್ನು ಇಂಥ ಕೆಲಸಕ್ಕೆ ಬಳಸತಕ್ಕದ್ದಲ್ಲ’ ಎಂಬ ವಾಕ್ಯಗಳು ಪುಟಗಟ್ಟಲೆ. ಒಂದು ಸಲ ಒಳಗೆ ಬಂದ ವಾಕ್ಯ ವರ್ಷವರ್ಷವೂ ತಾನಾಗಿಯೇ ಮುಂದಿನ ಮಸೂದೆಗೆ ಬರುತ್ತದೆ. ಉಳಿಯಲು ಯಾರೂ ಕೇಳಬೇಕಾಗಿಲ್ಲ, ಹೋಗಬೇಕಾದರೆ ಮಾತ್ರ ಯಾರಾದರೂ ಕೇಳಬೇಕು.

ಅಂಥದೊಂದು ವಾಕ್ಯ ಆಫ್ರಿಕಾದ ದಕ್ಷಿಣದ ಒಂದು ಪುಟ್ಟ ದೇಶದ ಮೇಲಿತ್ತು: ಅಲ್ಲಿ ಕಟ್ಟಡ ಕಾಮಗಾರಿಗೆ ನೆರವಿನ ಹಣ ಬಳಸತಕ್ಕದ್ದಲ್ಲ. ಹಿಂದೊಮ್ಮೆ ನೆರವಿನಲ್ಲಿ ಕಟ್ಟಿಸಿದ ಶಾಲೆಯಲ್ಲಿ ಯಾವನೋ ಜನರಲ್ ಬಿಡಾರ ಹೂಡಿದನೆಂದು ಸಿಟ್ಟಾದ ಸದಸ್ಯನೊಬ್ಬ ಅದನ್ನು ಸೇರಿಸಿದ್ದ. ಜನರಲ್ ಸತ್ತ, ಸದಸ್ಯನೂ ಸತ್ತ. ವಾಕ್ಯ ಉಳಿಯಿತು.

ಆ ವಸಂತದಲ್ಲಿ ಉಪಸಮಿತಿಯನ್ನು ಕಾಣಲು ಆ ದೇಶದಿಂದ ಬಂದಿದ್ದ ತಂಡದಲ್ಲಿ ಎನಿಫಾ ಫಿರಿ ಎಂಬ ಹೆರಿಗೆ ಆಸ್ಪತ್ರೆಯ ಮೇಟ್ರನ್ ಇದ್ದಳು. ಸದಸ್ಯರು ಮತದಾನಕ್ಕೆಂದು ಎದ್ದುಹೋದ ಮೇಲೆ ತಂಡದ ಮಾತು ಕೇಳಲು ಉಳಿದವಳು ವರ್ನಾ ಒಬ್ಬಳೇ.

“ನೀವು ಔಷಧಿ ಕೊಡ್ತೀರಿ, ಕೈಗವಸು ಕೊಡ್ತೀರಿ, ಸಂತೋಷ,” ಎಂದಳು ಎನಿಫಾ. “ತಗಡು ಮಾತ್ರ ಕೊಡಲ್ಲ. ಸೂರು ರಿಪೇರಿನೂ ಕಾಮಗಾರಿನೇ ಅಂತಾರೆ ನಿಮ್ಮ ವಕೀಲರು. ಹೆರಿಗೆ ಮಾಡಿಸೋವಾಗ ಒಬ್ಬಳು ಬೇಸಿನ್ ಹಿಡ್ಕೊಂಡು ನಿಲ್ಲಬೇಕಮ್ಮಾ. ಮಗೂಗಲ್ಲ, ಸೋರೋ ನೀರಿಗೆ.”

ವರ್ನಾಳಿಗೆ ನಗು ಬಂತು. ಆಮೇಲೆ ಬರಲಿಲ್ಲ.

ಅದೇ ಉಪಸಮಿತಿಯಲ್ಲಿ ಎದುರು ಪಕ್ಷದ ಗುಮಾಸ್ತ ಗ್ರೇಡಿ ಹಾಲ್ಕಂಬ್ ಒಕ್ಲಹೋಮಾದವನು. ಅವಳ ಹಳೆಯ ಜಗಳಗಂಟ, ಹಳೆಯ ಗೆಳೆಯ. ಆ ವಾಕ್ಯ ಯಾರದೆಂದು ಇಬ್ಬರೂ ಸದಸ್ಯರ ಕಚೇರಿಗಳಲ್ಲಿ ವಿಚಾರಿಸಿದರು. ಎಲ್ಲ ಕಡೆ ಒಂದೇ ಉತ್ತರ: ನಮ್ಮದಲ್ಲ, ಆದರೆ ತೆಗೆಸಿದವರು ನಾವೆಂದು ಆಗಬಾರದು. ಚುನಾವಣೆ ಹತ್ತಿರವಿತ್ತು. ವಿದೇಶಕ್ಕೆ ಹಾಕಿದ ಕಡಿವಾಣ ಸಡಿಲಿಸಿದನೆಂಬ ಹೆಸರು ಯಾರಿಗೂ ಬೇಡ.

“ಮಿಸ್ ವರ್ನಾ, ಹೋಗೋ ಕಾಲಕ್ಕೆ ನಿಮಗ್ಯಾಕೆ ಈ ಉಸಾಬರಿ?” ಎಂದ ಗ್ರೇಡಿ.

“ಇಷ್ಟು ವರ್ಷದಲ್ಲಿ ಎಷ್ಟೋ ಅಲ್ಪವಿರಾಮ ತೆಗೆದಿದೀನಿ. ಒಂದು ವಾಕ್ಯ ತೆಗೆದು ಹೋಗ್ತೀನಿ ಬಿಡೋ.”

“ನಿಮ್ಮ ಊರಿನ ಕೋಳಿ ರೆಕ್ಕೆ ತಂದ್ಕೊಡಿ. ಆ ಸಿಹಿಖಾರದ ಮಂಬೊ ಸಾಸು ಹೆಚ್ಚಿಗೆ ಹಾಕಿಸಿ. ನೋಡೋಣ.”

ಅಚ್ಚಿಗೆ ಹೋಗುವ ಮುನ್ನ ಎರಡೂ ಪಕ್ಷದ ಗುಮಾಸ್ತರು ಎದುರುಬದುರು ಕೂತು ಮಸೂದೆಯನ್ನು ಗಟ್ಟಿಯಾಗಿ ಓದುವುದು ಅಲ್ಲಿನ ರೂಢಿ. ಒಬ್ಬರು ಓದುತ್ತಾರೆ, ಇನ್ನೊಬ್ಬರು ಬೆರಳಿಟ್ಟು ಹಿಂಬಾಲಿಸುತ್ತಾರೆ. ಎರಡೂ ಪಕ್ಷದ ಹಿರಿಯ ಸದಸ್ಯರಿಗೂ ವಿಷಯ ಮುಟ್ಟಿಸಿಯಾಗಿತ್ತು. ಅವರು ತಲೆಯಾಡಿಸಿದ್ದರು, ಬಾಯಿ ಬಿಟ್ಟಿರಲಿಲ್ಲ. ಗ್ರೇಡಿ ಸಾಸಿನ ಬೆರಳು ಒರೆಸಿಕೊಂಡು ಓದುತ್ತ ಹೋದ. ಆ ವಾಕ್ಯ ಬಂದಾಗ ಉಸಿರು ಎಳೆದುಕೊಂಡ, ಅದನ್ನು ಬಿಟ್ಟು ಮುಂದಿನದಕ್ಕೆ ಹೋದ. ವರ್ನಾ ತಡೆಯಲಿಲ್ಲ. ಅಷ್ಟೇ. ಯಾರ ಹೆಸರೂ ಇಲ್ಲದೆ ಅದು ಹೋಯಿತು. ಸಮಿತಿಯೂ ಮಸೂದೆಯನ್ನು ಹಾಗೆಯೇ ಒಪ್ಪಿತು.

ಅಧ್ಯಕ್ಷರ ಸಹಿ ಬೀಳುವವರೆಗೆ ಹೊರಗಿನವರಿಗೆ ಬಾಯಿ ಬಿಡಬಾರದೆಂದು ಹೊಸ ಗುಮಾಸ್ತರಿಗೆ ಪಾಠ ಹೇಳುತ್ತಿದ್ದವಳೇ ವರ್ನಾ. ಆದರೆ ಆ ಕೋಣೆಯಲ್ಲಿ ಇಬ್ಬರೂ ಒಪ್ಪಿದ್ದನ್ನು ಆದದ್ದೆಂದೇ ಲೆಕ್ಕ ಹಿಡಿಯುವ ಅಭ್ಯಾಸ ಅವಳ ಮೈಗೆ ಹತ್ತಿತ್ತು. ಜುಲೈಯಲ್ಲಿ ಎನಿಫಾ ಫೋನ್ ಮಾಡಿದಾಗ ಅವಳು ಹೇಳಿಬಿಟ್ಟಳು: “ಹೋಯ್ತು ತಾಯಿ ಅದು. ತೆಗೆದುಬಿಟ್ವಿ.”

ಸೆಪ್ಟೆಂಬರ್ ಬಂತು. ಎರಡೂ ಸದನಗಳ ನಡುವೆ ಬೇರೆ ಯಾವುದೋ ವಿಷಯಕ್ಕೆ ಜಟಾಪಟಿ ನಡೆದು ಮಸೂದೆ ಇದ್ದಲ್ಲೇ ನಿಂತಿತು. ಸರ್ಕಾರದ ಬಾಗಿಲು ಮುಚ್ಚಬಾರದೆಂದು ಕೊನೆಗಳಿಗೆಯಲ್ಲಿ ತಾತ್ಕಾಲಿಕ ಕಾಯಿದೆ ಪಾಸಾಯಿತು. ಅದರ ತಿರುಳು ಇಷ್ಟೇ: ಹೋದ ವರ್ಷದ ಹಣ, ಹೋದ ವರ್ಷದ ಷರತ್ತುಗಳು. ಹೋದ ವರ್ಷದ ಕಾಯಿದೆಯಲ್ಲಿ ಆ ವಾಕ್ಯವಿತ್ತು.

“ಹೊಸ ವರ್ಷದಲ್ಲಿ ಮತ್ತೆ ನೋಡೋಣ,” ಎಂದ ಗ್ರೇಡಿ.

“ನೀನು ನೋಡು. ನಾನು ಆಗ ಮಂಡಿಗೆ ಬಿಸಿನೀರಿನ ಶಾಖ ಕೊಡ್ತಾ ಕೂತಿರ್ತೀನಿ.”

“ನೋಡ್ತೀನಿ ಮಿಸ್ ವರ್ನಾ,” ಎಂದವನು ಕಿಟಕಿಯ ಕಡೆ ತಿರುಗಿದ. ಅದೇ ದನಿಯಲ್ಲಿ ಅವನು ಎಷ್ಟೋ ಜನಕ್ಕೆ ಹಾಗೆ ಹೇಳಿದ್ದನ್ನು ಅವಳು ಕೇಳಿದ್ದಳು. ತಾನೂ ಹೇಳಿದ್ದಳು.

ಮರುದಿನ ಬೆಳಿಗ್ಗೆ ತಿಂಡಿ ಬಿಟ್ಟು ಅವಳೇ ಎನಿಫಾಗೆ ಫೋನ್ ಮಾಡಿದಳು. ಆಚೆ ಕಡೆ ಯಾವುದೋ ಕೂಸು ಅಳುತ್ತಿತ್ತು. ವರ್ನಾ ಸುತ್ತುಬಳಸದೆ ಹೇಳಿ ಮುಗಿಸಿದಳು.

“ಸೂರು ಬಿಚ್ಚಿಸಿಬಿಟ್ಟಿದೀನಲ್ಲಮ್ಮಾ,” ಎಂದಳು ಎನಿಫಾ. “ನೀವು ತೆಗೆದ್ವಿ ಅಂದ್ರಲ್ಲ. ತೊಲೆ ಎಲ್ಲ ಸರಿಮಾಡಿಸಿ ಇಟ್ಟಿದೀನಿ. ಇನ್ನೇನು ಮಳೆ ಶುರುವಾಗುತ್ತೆ.”

“ನಾನು ಹೇಳಬಾರದಿತ್ತು.”

“ಬೇಡ ಅಂದವರು ಯಾರು?”

“ಯಾರೂ ಇಲ್ಲ.”

“ಯಾರೂ ಇಲ್ಲ ಅಂದ್ರೆ?”

“ಯಾರೂ ಬೇಡ ಅನ್ನಲಿಲ್ಲ ತಾಯಿ. ಬೇಕು ಅಂತಲೂ ಯಾರೂ ಎದ್ದು ನಿಲ್ಲಲಿಲ್ಲ.”

ಎನಿಫಾ ಯಾರಿಗೋ ಅವರ ಭಾಷೆಯಲ್ಲಿ ಏನೋ ಕೂಗಿ ಹೇಳಿ, ಮತ್ತೆ ಫೋನಿಗೆ ಬಂದಳು.

“ಸರಿ, ಇಡ್ತೀನಿ. ಹಳೇ ತಗಡನ್ನೆಲ್ಲ ಊರವರಿಗೆ ಹಂಚಿಬಿಟ್ಟಿದ್ದೆ. ಒಬ್ಬಳು ಕೋಳಿಗೂಡಿಗೆ ಹಾಕ್ಕೊಂಡಿದಾಳೆ, ಒಬ್ಬಳು ಅಡಿಗೆಮನೆಗೆ. ಕತ್ತಲಾಗೋದ್ರೊಳಗೆ ಹೋಗಿ ವಾಪಸ್ ಕೇಳಬೇಕು.”