ಹೆರಾಲ್ಡ್ ಕಾರಿನ ಕರಿ ಬಣ್ಣ

೨೦೨೨ನೆಯ ಇಸವಿ. ಚೆನ್ನೈನಲ್ಲಿ ಮೋಟಾರ್ ಇನ್ಶೂರೆನ್ಸ್ ಸರ್ವೇಯರ್ ಆಗಿ ನನಗದು ಮೂವತ್ತನಾಲ್ಕನೆಯ ವರ್ಷ, ಕೊನೆಯ ವರ್ಷವೂ ಹೌದು. ಸರ್ವೇಯರ್ ಎಂದರೆ ಜಾಗ ಅಳೆಯುವವನಲ್ಲ. ಅಪಘಾತವಾದ ವಾಹನವನ್ನು ನೋಡಿ, ಎಷ್ಟು ಕೆಟ್ಟಿದೆ, ರಿಪೇರಿ ಮಾಡಬಹುದೋ ಇಲ್ಲವೋ ಎಂದು ವಿಮಾ ಕಂಪನಿಗೆ ವರದಿ ಬರೆಯುವವನು. ರಿಪೇರಿಯ ಖರ್ಚು ವಾಹನದ ಬೆಲೆಯನ್ನೇ ನುಂಗುವಂತಿದ್ದರೆ ವರದಿಯ ಕೊನೆಯಲ್ಲಿ ‘ಟೋಟಲ್ ಲಾಸ್’ ಎಂದು ಬರೆಯುತ್ತೇವೆ. ಆ ಎರಡು ಪದಗಳನ್ನು ನಾನು ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಮನೆಯಲ್ಲಿ ದೋಸೆ ಸೀದರೂ ನನ್ನ ಹೆಂಡತಿ ರಮಾ ತಟ್ಟೆಯನ್ನು ನನ್ನ ಮುಂದಿಟ್ಟು, “ನೋಡಿ ಹೇಳಿ, ರಿಪೇರಿಯೋ ಟೋಟಲ್ ಲಾಸೋ” ಎನ್ನುತ್ತಾಳೆ.

ಹಳೆಯ ಕಾರು ಕೊಳ್ಳುವವರು ಮೊದಲು ನನಗೆ ತೋರಿಸಿ ಅಭಿಪ್ರಾಯ ಕೇಳುವುದೂ ಇತ್ತು. ಅದಕ್ಕೆಂದೇ ನಾನು ಒಂದು ಫಾರಂ ಮಾಡಿಕೊಂಡಿದ್ದೆ. ಎಂಜಿನ್, ಬ್ರೇಕ್, ಸ್ಟಿಯರಿಂಗ್ ಎಲ್ಲಕ್ಕೂ ಅದರಲ್ಲಿ ಕಾಲಂ ಇತ್ತು. ಕೊನೆಯ ಕಾಲಂ ಚಾಸಿಸ್‌ನದು, ಅಂದರೆ ಕಾರಿನ ಕೆಳಗೆ ಇಡೀ ಭಾರ ಹೊರುವ ಉಕ್ಕಿನ ಚೌಕಟ್ಟಿನದು. ಅದನ್ನು ಎಂಟು ಜಾಗದಲ್ಲಿ ಸುತ್ತಿಗೆಯಿಂದ ತಟ್ಟಿ, ಒಂದೊಂದರ ಮುಂದೆ ಗಟ್ಟಿಯಿದ್ದರೆ ಟಿಕ್, ಇಲ್ಲದಿದ್ದರೆ ಇಂಟು ಹಾಕಬೇಕು. ಎಂಟೂ ಚೌಕ ತುಂಬದೆ ನಾನು ಸಹಿ ಹಾಕಿದವನಲ್ಲ.

ಆ ಆಗಸ್ಟ್‌ನಲ್ಲಿ ನನ್ನನ್ನು ಹುಡುಕಿಕೊಂಡು ಬಂದವರು ಸುಮಿತ್ರಾ. ಅಣ್ಣಾ ನಗರ್‌ನ ನಮ್ಮ ಅಪಾರ್ಟ್‌ಮೆಂಟಿನಲ್ಲೇ ಎರಡನೆಯ ಮಹಡಿಯವರು. ಮಂಡ್ಯದ ಕಡೆಯವರು, ವಯಸ್ಸು ಐವತ್ತನಾಲ್ಕು. ಗಂಡನ ಕೆಲಸಕ್ಕಾಗಿ ಹನ್ನೊಂದು ವರ್ಷದ ಹಿಂದೆ ಚೆನ್ನೈಗೆ ಬಂದವರು ಇಲ್ಲೇ ಒಂದು ಆಸ್ಪತ್ರೆಯಲ್ಲಿ ಆಡಿಯಾಲಜಿಸ್ಟ್ ಆಗಿದ್ದರು. ಕಿವಿ ಎಷ್ಟು ಕೇಳುತ್ತದೆ ಎಂದು ಪರೀಕ್ಷಿಸುವ ಕೆಲಸ. ನಾವೋ ನಾಲ್ಕು ತಲೆಮಾರಿನಿಂದ ಮದ್ರಾಸಿನಲ್ಲೇ ಇರುವ ಮಾಧ್ವರು. ನನ್ನ ಕನ್ನಡ ಕೇಳಿದರೆ ಅವರಿಗೆ ನಗು, ಅವರ ತಮಿಳು ಕೇಳಿದರೆ ನನಗೆ ನಗು. ಹೀಗಾಗಿ ಸ್ನೇಹ ಚೆನ್ನಾಗಿತ್ತು.

“ಸಾರ್, ರಾಯಪುರಂನಲ್ಲಿ ಒಂದು ಹೆರಾಲ್ಡ್ ಇದೆಯಂತೆ. ಅರವತ್ತೊಂಬತ್ತರ ಮಾಡೆಲ್. ನನ್ನ ಕೈಗೆ ಎಟುಕೋ ಬೆಲೆ. ನೋಡಿ ಹೇಳ್ತೀರಾ?” ಎಂದರು.

ಹೆರಾಲ್ಡ್ ಎಂದರೆ ನಮ್ಮ ಮದ್ರಾಸಿನ ಹೊರವಲಯದಲ್ಲೇ ತಯಾರಾಗುತ್ತಿದ್ದ ಪುಟ್ಟ ಕಾರು. ಆ ಕಾರ್ಖಾನೆ ಮುಚ್ಚಿ ಎಷ್ಟೋ ಕಾಲವಾಯಿತು. ಶೋಕಿಗೆ ಇಟ್ಟುಕೊಳ್ಳುವವರು ಇದ್ದಾರೆ, ಆದರೆ ಈಕೆಗೆ ಯಾಕೆ? ಕೇಳಿಯೇಬಿಟ್ಟೆ.

ಕಾರಣ ಹೇಳಿದರು. ನಾಲ್ಕು ವರ್ಷದ ಹಿಂದೆ ಅವರು ಗಂಡನ ಹೊಸ ಕಾರನ್ನು ಬೇಸ್‌ಮೆಂಟಿನಲ್ಲಿ ಹಿಂದಕ್ಕೆ ತೆಗೆಯುತ್ತಿದ್ದರಂತೆ. ಎಡಗಡೆ ಬೀಪ್, ಬಲಗಡೆ ಬೀಪ್, ಹಿಂದೆ ಬೀಪ್. ಗಾಬರಿಯಲ್ಲಿ ಬ್ರೇಕಿನ ಬದಲು ಆಕ್ಸಿಲರೇಟರ್ ತುಳಿದು ವಾಚ್‌ಮನ್ ಕುರ್ಚಿಯನ್ನು ಪುಡಿ ಮಾಡಿದ್ದರು. ವಾಚ್‌ಮನ್ ಅರೆ ನಿಮಿಷದ ಹಿಂದಷ್ಟೇ ಕುರ್ಚಿಯಿಂದ ಎದ್ದು ಹೋಗಿದ್ದ. ಅಂದಿನಿಂದ ಅವರು ಸ್ಟಿಯರಿಂಗ್ ಮುಟ್ಟಿರಲಿಲ್ಲ.

“ಆಸ್ಪತ್ರೆಯಲ್ಲಿ ದಿನವಿಡೀ ಬೀಪ್ ಕೇಳಿಸೋದೇ ನನ್ನ ಕೆಲಸ ಸಾರ್. ಕಾರಲ್ಲೂ ಅದೇ ಆದ್ರೆ ತಲೆ ಕೆಟ್ಟೋಗುತ್ತೆ. ನಾನು ಡ್ರೈವಿಂಗ್ ಕಲ್ತಿದ್ದು ನಮ್ಮ ದೊಡ್ಡಪ್ಪನ ಹೆರಾಲ್ಡಲ್ಲಿ. ಆ ಕಾರಿನ ಶಬ್ದ ನಂಗೊತ್ತು. ಅದ್ರಲ್ಲೂ ಆಗಲಿಲ್ಲ ಅಂದ್ರೆ ಇನ್ಯಾವ್ದ್ರಲ್ಲೂ ಆಗಲ್ಲ. ಆಮೇಲೆ ಲೈಸೆನ್ಸ್ ಪರ್ಸಲ್ಲೇ ಇರ್ಲಿ ಅಂತ ಬಿಟ್ಬಿಡ್ತೀನಿ.”

ಮರುದಿನ ಭಾನುವಾರ. ಬೆಳಿಗ್ಗೆ ಎಂಟಕ್ಕೆ ಇಬ್ಬರೂ ರಾಯಪುರಂಗೆ ಹೋದೆವು. ಸಮುದ್ರದ ದಾರಿಯಿಂದ ಒಳಕ್ಕೆ ತಿರುಗುವ ಸಣ್ಣ ಗಲ್ಲಿ. ಕಾರಿನ ಮಾಲೀಕ ಮಾಣಿಕ್ಕಂ, ಎಪ್ಪತ್ಮೂರು ವರ್ಷದ ತಮಿಳು ಹಿರಿಯರು. ಬಂದರಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು ಎಂದಷ್ಟೇ ನನಗೆ ಗೊತ್ತಿತ್ತು. ಕಣ್ಣಿಗೆ ಗ್ಲಾಕೋಮಾ ಬಂದು ಡಾಕ್ಟರು ಡ್ರೈವಿಂಗ್ ಬೇಡವೆಂದಿದ್ದರು. ಕಾರಿನ ಆರ್‌ಸಿ ಎಂಬ ನೋಂದಣಿ ಪತ್ರದ ಅವಧಿ ಸೆಪ್ಟೆಂಬರ್ ಕೊನೆಗೆ ಮುಗಿಯುತ್ತಿತ್ತು. ಅಷ್ಟರಲ್ಲಿ ಓಡಿಸುವವರು ಯಾರೂ ಸಿಗದಿದ್ದರೆ ಗುಜರಿಯವನಿಗೆ ಕೊಟ್ಟುಬಿಡುವುದಾಗಿ ಹೇಳಿದರು. ಸುಮ್ಮನೆ ನಿಂತು ಕೊಳೆಯುವುದನ್ನು ನೋಡಲಾರೆ ಎಂದರು.

ಕಾರು ಕೆನೆ ಬಣ್ಣದ್ದು. ಹೆರಾಲ್ಡಿನ ಬಾನೆಟ್ ಮುಂದಿನ ಇಡೀ ಮುಖದೊಂದಿಗೆ ಮೇಲೇಳುತ್ತದೆ. ಎಂಜಿನ್, ಮುಂದಿನ ಚಕ್ರ, ಸಸ್ಪೆನ್ಷನ್ ಎಲ್ಲ ಒಟ್ಟಿಗೆ ಕಾಣುತ್ತವೆ. ಮಾಣಿಕ್ಕಂ ಅದನ್ನು ಎತ್ತಿ, ಕೈಯಲ್ಲಿದ್ದ ಸ್ಪ್ಯಾನರನ್ನು ಚಾಸಿಸ್ ಮೇಲಿಟ್ಟು, ಬದಿಗೆ ಸರಿದು ನಿಂತರು. ೯೪೮ ಸಿ.ಸಿ. ಎಂಜಿನ್ ಮೊದಲ ಸಲಕ್ಕೇ ಸ್ಟಾರ್ಟ್ ಆಯಿತು, ಹೊಗೆ ಇಲ್ಲ. ನಾನು ಟಿಕ್ ಹಾಕುತ್ತ ಹೋದೆ. ಮಂಡಿನೋವಿನಿಂದ ಪೂರ್ತಿ ಕೆಳಗೆ ಮಲಗಲಾರದೆ, ಕುಕ್ಕರುಗಾಲಲ್ಲಿ ಕೂತು ಟಾರ್ಚ್ ಬಿಟ್ಟೆ. ಅಡಿಭಾಗವೆಲ್ಲ ದಪ್ಪ ಕರಿ ಬಣ್ಣ. ನೋಡಿದ ತಕ್ಷಣ ನನ್ನ ಮನಸ್ಸು ತೀರ್ಮಾನ ಮಾಡಿಬಿಟ್ಟಿತು. ಹಳೆಯ ಕಾರಿನ ದಲ್ಲಾಳಿಗಳು ತುಕ್ಕು ಮುಚ್ಚಲು ಮಾಡುವ ಕೆಲಸ ಅದೇ: ತೂತಿಗೆ ಮೆತ್ತು, ಮೇಲೆ ಕರಿ ಬಳಿ. ಅದರಲ್ಲೂ ಸಮುದ್ರದ ಪಕ್ಕದ ಕಾರು. ಉಪ್ಪು ಗಾಳಿ ಉಕ್ಕನ್ನು ಉಳಿಸುವುದುಂಟೆ?

ಎದ್ದು ನಿಂತು, ಮಾಣಿಕ್ಕಂಗೆ ಕನ್ನಡ ಬರುವುದಿಲ್ಲವೆಂಬ ಧೈರ್ಯದಲ್ಲಿ, ಅವರೆದುರೇ ಸುಮಿತ್ರಾಗೆ ಹೇಳಿದೆ: “ಬೇಡಮ್ಮಾ. ಎಲ್ಲ ಮೇಕಪ್ಪು. ಒಳಗೆ ಏನೂ ಇಲ್ಲ. ಆಳು ಸರಿಯಿಲ್ಲ.”

ಕನ್ನಡಕ್ಕೂ ತಮಿಳಿಗೂ ಎಷ್ಟು ದೂರ? ಅದೂ ನಾನು ಆಡುವ ಕನ್ನಡ! ನಾನು ಕೈಯಾಡಿಸಿದ ರೀತಿಯೊಂದೇ ಸಾಕಾಗಿತ್ತು. ಮಾಣಿಕ್ಕಂ ಬಾನೆಟ್ ಇಳಿಸಿ, ಬಟ್ಟೆಯಿಂದ ಒಮ್ಮೆ ಒರೆಸಿದರು. “ವಿಕ್ಕಲೆ ಸಾರ್. ಪೋಯಿಟ್ಟು ವಾಂಗ” ಎಂದರು. ಮಾರುವುದಿಲ್ಲ, ಹೋಗಿ ಬನ್ನಿ ಎಂದು. ಬೈದಿದ್ದರೆ ನಾನೂ ಬೈಯುತ್ತಿದ್ದೆ. ಅವರು ಗೇಟಿನವರೆಗೆ ಬಂದು ಬೀಳ್ಕೊಟ್ಟರು.

ಹಿಂದಿರುಗುವಾಗ ಅರ್ಧ ದಾರಿಯಲ್ಲಿ ಸುಮಿತ್ರಾ ಮೆಲ್ಲಗೆ, “ನೀವು ತಟ್ಟಿ ನೋಡ್ಲೇ ಇಲ್ವಲ್ಲ ಸಾರ್” ಎಂದರು.

“ಮೂವತ್ನಾಲ್ಕು ವರ್ಷ ಆಯಿತಮ್ಮಾ ಈ ವೇಲೆಯಲ್ಲಿ. ಕಣ್ಣೇ ಸಾಕು” ಎಂದೆ. ಕೆಲಸ ಎನ್ನುವಲ್ಲಿ ತಮಿಳಿನ ‘ವೇಲೆ’ ಬಾಯಿಗೆ ಬಂದಿತ್ತು.

“ಅವರು ಸ್ಪ್ಯಾನರ್ ಇಟ್ಟಾಗ ಟಣ್ ಅಂತು. ತುಕ್ಕು ತಿಂದಿದ್ರೆ ಹಂಗೆ ಅನ್ನುತ್ತಾ?”

ನನಗೆ ಸಿಟ್ಟು ಬಂತು. ತಪ್ಪು ನನ್ನದಾದಾಗ ನನಗೆ ಸಿಟ್ಟು ಬೇಗ ಬರುತ್ತದೆ, ಇದು ರಮಾಗೆ ಚೆನ್ನಾಗಿ ಗೊತ್ತು. ಆ ಸಂಜೆಯೆಲ್ಲ ಗೊಣಗುತ್ತಿದ್ದವನನ್ನು ಅವಳು ಒಂದೂ ಪ್ರಶ್ನೆ ಕೇಳಲಿಲ್ಲ.

ಸೋಮವಾರ ವರದಿ ಬರೆಯಲು ಕೂತೆ. ‘ಕೊಳ್ಳಲು ಯೋಗ್ಯವಲ್ಲ’ ಎಂದು ಬರೆದೂ ಆಯಿತು. ಸಹಿ ಹಾಕಬೇಕು, ಆದರೆ ಚಾಸಿಸ್ ಕಾಲಂನಲ್ಲಿ ಎಂಟು ಖಾಲಿ ಚೌಕಗಳಿದ್ದವು. ನೋಡದೆ ಚೌಕ ತುಂಬುವುದು ಸುಲಭ. ನನ್ನ ವೃತ್ತಿಯಲ್ಲಿ ಹಾಗೆ ಮಾಡಿದವರನ್ನು ಕಂಡಿದ್ದೇನೆ, ಅವರ ಬಗ್ಗೆ ಬಾಯಿಗೆ ಬಂದಂತೆ ಮಾತಾಡಿಯೂ ಇದ್ದೇನೆ. ಈಗ ನಾನು ಅವರಿಗಿಂತ ಕೆಟ್ಟದ್ದು ಮಾಡಿದ್ದೆ. ತಟ್ಟಿಯೂ ನೋಡದೆ ಒಂದು ಕಾರಿಗೂ ಒಬ್ಬ ಮನುಷ್ಯನಿಗೂ ಒಟ್ಟಿಗೆ ಟೋಟಲ್ ಲಾಸ್ ಬರೆದಿದ್ದೆ. ಪೆನ್ನು ಕೆಳಗಿಟ್ಟೆ. ನಿಜ ಹೇಳಬೇಕೆಂದರೆ ತುಂಬ ನಾಚಿಕೆಯಾಯಿತು.

ಬುಧವಾರ ಒಂದು ಹಳೆಯ ಚಾಪೆ ಕಂಕುಳಲ್ಲಿಟ್ಟುಕೊಂಡು ಸುಮಿತ್ರಾ ಜೊತೆ ಮತ್ತೆ ರಾಯಪುರಂಗೆ ಹೋದೆ. ಮಾಣಿಕ್ಕಂ ಬಾಗಿಲಲ್ಲೇ ನಿಂತಿದ್ದರು, ಬನ್ನಿ ಎನ್ನಲಿಲ್ಲ.

“ಅಯ್ಯಾ, ತಪ್ಪು ಎನ್ನೋಡದು” ಎಂದೆ, ತಪ್ಪು ನನ್ನದೇ ಎಂದು. “ಕೆಳಗೆ ಮಲಗಿ ನೋಡದೆ ಮಾತಾಡಿದೆ. ಇವತ್ತು ನೋಡಲು ಬಿಡಿ. ಮಾರುವುದು ಬಿಡುವುದು ಆಮೇಲೆ.”

ಅವರು ನನ್ನ ಮುಖವನ್ನೂ ಚಾಪೆಯನ್ನೂ ನೋಡಿದರು. ಒಳಗೆ ಹೋಗಿ, ಎಣ್ಣೆ ಬಟ್ಟೆಯಲ್ಲಿ ಸುತ್ತಿದ್ದ ಒಂದು ಚೂಪು ಮೂತಿಯ ಸುತ್ತಿಗೆ ತಂದು ನನ್ನ ಕೈಗೆ ಕೊಟ್ಟರು. ಚಿಪ್ಪಿಂಗ್ ಹ್ಯಾಮರ್, ಹಡಗು ಮತ್ತು ಕ್ರೇನುಗಳ ಮೇಲಿನ ತುಕ್ಕು ಕೆರೆಯುವ ಸುತ್ತಿಗೆ. “ಎಲ್ಲಿ ಬೇಕೋ ಅಲ್ಲಿ ಹೊಡೆಯಿರಿ. ಬಣ್ಣ ಹೋದರೆ ಹೋಗಲಿ” ಎಂದು ತಮಿಳಿನಲ್ಲಿ ಹೇಳಿದರು.

ಮಲಗಿದೆ. ಮಂಡಿ ಕಿರುಚಿತು. ಮೊದಲ ಜಾಗದಲ್ಲಿ ಹೊಡೆದೆ, ಟಣ್. ಕೆರೆದೆ. ಕರಿಯ ಕೆಳಗೆ ತುಕ್ಕು ತಡೆಯುವ ಕೆಂಪು ಬಣ್ಣ, ರೆಡ್ ಆಕ್ಸೈಡ್, ಅದರ ಕೆಳಗೆ ಹೊಳೆಯುವ ಉಕ್ಕು. ಎರಡನೆಯ ಜಾಗವೂ ಹಾಗೆಯೇ, ಮೂರನೆಯದೂ ಹಾಗೆಯೇ. ಕೆಳಗಿದ್ದುಕೊಂಡೇ ಇದೇನೆಂದು ಕೇಳಿದೆ. ಆಗ ತಿಳಿಯಿತು: ಮಾಣಿಕ್ಕಂ ಬಂದರಿನಲ್ಲಿ ಮೂವತ್ತೊಂದು ವರ್ಷ ಪೇಂಟಿಂಗ್ ಗ್ಯಾಂಗಿನಲ್ಲಿದ್ದವರು, ಕೊನೆಗೆ ಅದರ ಮೇಸ್ತ್ರಿಯಾದವರು. ಸಮುದ್ರದ ಬಾಯಲ್ಲಿ ನಿಂತ ಕ್ರೇನುಗಳನ್ನು ತುಕ್ಕಿನಿಂದ ಕಾಯುವುದೇ ಅವರ ಕೆಲಸ. ೧೯೮೮ರಲ್ಲಿ ಊರು ಬಿಟ್ಟು ಹೊರಟ ಮೇಲಧಿಕಾರಿಯೊಬ್ಬರಿಂದ ಈ ಕಾರು ಕೊಂಡ ಮೇಲೆ, ವರ್ಷ ವರ್ಷವೂ ತಮಿಳರ ಪುರಟ್ಟಾಸಿ ತಿಂಗಳಲ್ಲಿ, ಅಂದರೆ ಸೆಪ್ಟೆಂಬರ್-ಅಕ್ಟೋಬರ್ ಹೊತ್ತಿಗೆ, ಮಳೆ ಹಿಡಿಯುವ ಮುನ್ನ, ಕ್ರೇನಿಗೆ ಮಾಡಿದಂತೆಯೇ ಇದಕ್ಕೂ ಮಾಡುತ್ತಿದ್ದರು. ಪೂರ್ತಿ ಕೆರೆದು, ರೆಡ್ ಆಕ್ಸೈಡ್ ಹಚ್ಚಿ, ಮೇಲೆ ಎರಡು ಕೋಟ್ ಕರಿ. ನಾನು ಮೇಕಪ್ಪು ಎಂದದ್ದು ಮೂವತ್ತನಾಲ್ಕು ವರ್ಷದ ಆರೈಕೆಯನ್ನು. ನನ್ನ ಸರ್ವೀಸಿನಷ್ಟೇ ವರ್ಷ.

ಏಳನೆಯ ಜಾಗಕ್ಕೆ ಬಂದಾಗ ಕೈ ನಿಂತಿತು. ಎಡಗಡೆ, ಹಿಂದಿನ ಔಟ್‌ರಿಗರ್. ಚಾಸಿಸ್‌ನಿಂದ ಪಕ್ಕಕ್ಕೆ ಚಾಚಿ ಬಾಡಿಯನ್ನು ಹೊರುವ ತೋಳಿಗೆ ಆ ಹೆಸರು. ಅದರ ಸುತ್ತ ಬಿಳಿ ಬಣ್ಣದಲ್ಲಿ ಅಚ್ಚುಕಟ್ಟಾಗಿ ಒಂದು ಸುತ್ತು ಬರೆದಿತ್ತು. ತಟ್ಟಿದರೆ ದಬ್ ಎಂಬ ಸತ್ತ ಶಬ್ದ.

“ಅದೊಂದು ಹೋಗಿದೆ” ಎಂದರು ಮಾಣಿಕ್ಕಂ ಮೇಲಿನಿಂದ. “ಬಂದರಿನಲ್ಲಿ ಕೆಟ್ಟ ಜಾಗ ಕಂಡರೆ ಬಿಳಿ ಸುತ್ತು ಹಾಕುತ್ತೇವೆ, ಮುಂದೆ ಬರುವವನು ಮೋಸಹೋಗಬಾರದು ಅಂತ. ಈ ಅಮ್ಮನಿಗೆ ಮೊದಲು ಅದನ್ನೇ ತೋರಿಸಬೇಕು ಅಂತಿದ್ದೆ. ನೀವು ಬಿಡಲಿಲ್ಲ.”

ಕಾರಿನ ಕೆಳಗೆ ಮಲಗಿದ್ದದ್ದು ಒಳ್ಳೆಯದೇ ಆಯಿತು, ನನ್ನ ಮುಖ ಯಾರಿಗೂ ಕಾಣುತ್ತಿರಲಿಲ್ಲ. ಜೀವನವಿಡೀ ಜನ ಮುಚ್ಚಿಟ್ಟ ದೋಷ ಹುಡುಕಿದವನು ನಾನು. ತನ್ನ ವಸ್ತುವಿನ ದೋಷಕ್ಕೆ ತಾನೇ ಗುರುತು ಹಾಕಿಟ್ಟವನನ್ನು ಅಂದೇ ಮೊದಲು ಕಂಡೆ.

ಎದ್ದು ಬಂದು ಫಾರಂನಲ್ಲಿ ಏಳು ಟಿಕ್, ಒಂದು ಇಂಟು ಹಾಕಿದೆ. “ಕೊಳ್ಳಿ ಸುಮಿತ್ರಾ” ಎಂದೆ.

ಮಾಣಿಕ್ಕಂ ಬೆಲೆಯ ಮಾತೆತ್ತುವ ಮೊದಲು ಆಕೆಯನ್ನು ಕೇಳಿದ್ದು ಒಂದೇ ಪ್ರಶ್ನೆ. “ಓಟ್ಟುವೀಂಗಳಾಮ್ಮಾ?” ಓಡಿಸುತ್ತೀರಾ ಎಂದು. ಸುಮಿತ್ರಾ ತಮ್ಮ ಹರಕು ತಮಿಳಿನಲ್ಲಿ, “ಓಟ್ಟುವೇನ್ ಅಯ್ಯಾ. ಭಯಂ ಇರುಕು. ಆನಾ ಓಟ್ಟುವೇನ್” ಎಂದರು. ಭಯವಿದೆ, ಆದರೂ ಓಡಿಸುತ್ತೇನೆ ಎಂದು.

ಇಲ್ಲೊಂದು ವಿಷಯ ಹೇಳಬೇಕು. ಐವತ್ತು ವರ್ಷ ದಾಟಿದ ಕಾರನ್ನು ‘ವಿಂಟೇಜ್’ ಎಂದೇ ನೋಂದಾಯಿಸಿ, ಬೇರೆ ಬಗೆಯ ನಂಬರ್ ಪ್ಲೇಟ್ ಪಡೆಯಬಹುದು. ಸುಮಿತ್ರಾ ಗಂಡನಿಗೆ ಅದೇ ಇಷ್ಟವಿತ್ತು. ಆದರೆ ಹಾಗೆ ಮಾಡಿದರೆ ಕಾರನ್ನು ಪ್ರದರ್ಶನಕ್ಕೆ, ರ‍್ಯಾಲಿಗೆ, ಪೆಟ್ರೋಲಿಗೆ, ರಿಪೇರಿಗೆ ಮಾತ್ರ ರಸ್ತೆಗೆ ತರಬಹುದು. ದಿನದ ಓಡಾಟಕ್ಕೆ ಬಳಸುವಂತಿಲ್ಲ. ತರಕಾರಿಗೆ ಹೋಗಲಾಗದ ಕಾರು ಈಕೆಗೆ ಯಾಕೆ? ಹಳೆಯ ಆರ್‌ಸಿಯನ್ನೇ ನವೀಕರಿಸುವುದೆಂದು ತೀರ್ಮಾನವಾಯಿತು. ಔಟ್‌ರಿಗರ್ ಕತ್ತರಿಸಿ ಹೊಸದನ್ನು ವೆಲ್ಡ್ ಮಾಡಿಸಿದೆವು. ಆ ಬೆಸುಗೆಗೆ ರೆಡ್ ಆಕ್ಸೈಡ್ ಹಚ್ಚಿದ್ದು ಮಾಣಿಕ್ಕಂ, ಕಣ್ಣಿಗಿಂತ ಹೆಚ್ಚಾಗಿ ಬೆರಳಿನಿಂದ ತಡವಿಕೊಂಡು. ಸೆಪ್ಟೆಂಬರ್ ಮೂರನೆಯ ವಾರ ಎಫ್‌ಸಿ, ಅಂದರೆ ವಾಹನ ರಸ್ತೆಗೆ ಯೋಗ್ಯವೆಂಬ ಸರ್ಟಿಫಿಕೇಟ್, ಸಿಕ್ಕಿತು. ಆರ್‌ಸಿಯೂ ಸುಮಿತ್ರಾ ಹೆಸರಿಗೆ ಬಂತು.

ಕಾರು ಒಯ್ಯುವ ದಿನವೂ ಭಾನುವಾರವೇ, ಬೆಳಿಗ್ಗೆ ಆರೂವರೆ. ಅಷ್ಟರಲ್ಲಿ ಸುಮಿತ್ರಾ ನಾಲ್ಕೈದು ಸಲ ಬಂದು ಅದೇ ಗಲ್ಲಿಯಲ್ಲಿ ನಮ್ಮಿಬ್ಬರ ಎದುರು ಅಭ್ಯಾಸ ಮಾಡಿದ್ದರು. ಹೆರಾಲ್ಡಿನ ಫಸ್ಟ್ ಗೇರ್ ಸ್ವಲ್ಪ ಹಟಮಾರಿ, ಗಾಡಿ ಪೂರ್ತಿ ನಿಂತ ಮೇಲೆಯೇ ಬೀಳುತ್ತದೆ. ಆದರೆ ತಿರುಗುವುದರಲ್ಲಿ ಆಟೋರಿಕ್ಷಾವನ್ನೂ ನಾಚಿಸುತ್ತದೆ. ಆ ಕಿರಿದಾದ ಗಲ್ಲಿಯಲ್ಲಿ ಒಂದೇ ಏಟಿಗೆ ತಿರುಗಿದಾಗ ಈಕೆ ಚಿಕ್ಕ ಹುಡುಗಿಯಂತೆ ನಕ್ಕಿದ್ದರು.

ಅಂದು ನಾನು ಮುಂದಿನ ಸೀಟಿನ ಬಾಗಿಲು ತೆರೆದೆ. ಅಣ್ಣಾ ನಗರ್‌ವರೆಗೆ ಜೊತೆಗೆ ಕೂರುವುದೆಂದು ನಾನೇ ನಿರ್ಧರಿಸಿದ್ದೆ.

“ಬೇಡ ಸಾರ್” ಎಂದರು ಸುಮಿತ್ರಾ. “ನೀವು ಕೂತ್ರೆ ನಾನು ನಿಮ್ಮನ್ನೇ ನೋಡ್ತೀನಿ. ಇವತ್ತು ಒಬ್ಳೇ ಹೋಗ್ಬೇಕು.”

ಬಾಗಿಲು ಮುಚ್ಚಿದೆ. ಅವರು ಚೋಕ್ ಎಳೆದು ಸ್ಟಾರ್ಟ್ ಮಾಡಿದರು. ಹೊರಟ ತಕ್ಷಣ ಆಫ್ ಆಯಿತು. ನಾನು ಒಂದು ಹೆಜ್ಜೆ ಮುಂದಿಟ್ಟೆ, ಮಾಣಿಕ್ಕಂ ನನ್ನ ತೋಳು ಹಿಡಿದು ನಿಲ್ಲಿಸಿದರು. ಸುಮಿತ್ರಾ ಕಣ್ಣು ಮುಚ್ಚಿ ಒಂದು ಗಳಿಗೆ ಸುಮ್ಮನೆ ಕೂತು, ಮತ್ತೆ ಸ್ಟಾರ್ಟ್ ಮಾಡಿದರು. ಎಂಜಿನಿನ ಶಬ್ದವನ್ನು ಪೂರ್ತಿ ಕೇಳಿಸಿಕೊಂಡ ಮೇಲೆಯೇ ಗಾಡಿ ಬಿಟ್ಟರು. ಕಾರು ಗಲ್ಲಿಯ ತುದಿಗೆ ಹೋಗಿ, ನಿಂತು, ಸಮುದ್ರದ ದಾರಿಗೆ ತಿರುಗಿ ಮರೆಯಾಯಿತು.

ಮಾಣಿಕ್ಕಂ ಕಣ್ಣಿಗೆ ಆ ತುದಿ ಎಂದೋ ಮಸುಕಾಗಿತ್ತು. ಅವರು ತಲೆಯನ್ನು ಒಂದು ಕಡೆಗೆ ವಾಲಿಸಿ ನಿಂತಿದ್ದರು.

“ಸೆಕೆಂಡ್” ಎಂದರು. ಸ್ವಲ್ಪ ಹೊತ್ತಿಗೆ, “ಥರ್ಡ್.” ಆಮೇಲೆ ಬಹಳ ಹೊತ್ತು ಮಾತಿಲ್ಲ. ನನಗೆ ಅಲೆಗಳ ಸದ್ದು ಬಿಟ್ಟು ಏನೂ ಕೇಳುತ್ತಿರಲಿಲ್ಲ. ಸುಮಿತ್ರಾಗೆ ಏನಾಯಿತೋ ಎಂದು ಗಲ್ಲಿಯ ತುದಿಯನ್ನೇ ನೋಡುತ್ತಿದ್ದೆ.

“ಟಾಪ್ ಪೋಟ್ಟಾಚು” ಎಂದರು ಮಾಣಿಕ್ಕಂ. ಟಾಪ್ ಗೇರ್ ಹಾಕಿಯಾಯಿತು ಎಂದು. ಮುಖ ಒರೆಸಿಕೊಂಡು, ಕಾಫಿ ಕುಡಿದು ಹೋಗಿ ಎಂದು ನನ್ನನ್ನು ಒಳಗೆ ಕರೆದರು.

ಮರುವರ್ಷ ಪುರಟ್ಟಾಸಿಯಲ್ಲಿ ಸುಮಿತ್ರಾ ಫೋನ್ ಮಾಡಿದರು. ನಾನು ಅಷ್ಟರಲ್ಲಿ ನಿವೃತ್ತನಾಗಿದ್ದೆ. “ಸಾರ್, ಬಲಗಡೆ ಒಂದು ಜಾಗ ತಟ್ಟಿದ್ರೆ ಶಬ್ದ ಬೇರೆ ಬರ್ತಿದೆ. ಬಿಳಿ ಸುತ್ತು ಹಾಕಿಟ್ಟಿದೀನಿ. ಅಯ್ಯಾನ ಕರ್ಕೊಂಬರೋಕೆ ರಾಯಪುರಂಗೆ ಹೊರಟೆ, ನೀವೂ ಬನ್ನಿ” ಎಂದರು. ಲಕ್ಷಗಟ್ಟಲೆ ಬೆಲೆಯ ಕಾರುಗಳನ್ನು ನೋಡಿ ನಾನು ಕಲಿಯದ್ದನ್ನು ಈ ಅಗ್ಗದ ಕಾರು ಕಲಿಸಿತು: ಕೆಳಗೆ ಮಲಗಿ ತಟ್ಟಿ ನೋಡದೆ, ಕಾರಿನ ಬಗ್ಗೆಯಾಗಲಿ ಅದನ್ನು ಸಾಕಿದವರ ಬಗ್ಗೆಯಾಗಲಿ ಬಾಯಿ ತೆರೆಯಬಾರದು. ಬರುತ್ತೇನೆ ಎಂದು ಹೇಳಿ, ಅಟ್ಟದ ಮೇಲಿದ್ದ ಚಾಪೆ ಇಳಿಸಿಕೊಂಡೆ.