ಅರಗಿನ ಮುದ್ರೆ ಒಡೆದಿರಲಿಲ್ಲ

ನಾಸ್ತಿಕರಲ್ಲೂ ಎರಡು ಬಗೆ. ದೇವರಿಲ್ಲ ಎಂದುಕೊಂಡು ತಮ್ಮ ಪಾಡಿಗೆ ತಾವಿರುವವರು ಕೆಲವರು. ಆ ಸುದ್ದಿಯನ್ನು ಸಿಕ್ಕಿದವರಿಗೆಲ್ಲ ಮುಟ್ಟಿಸದಿದ್ದರೆ ಉಂಡ ಅನ್ನ ಕರಗದವರು ಇನ್ನು ಕೆಲವರು. ನನ್ನ ಅಣ್ಣ ಎರಡನೆಯ ಬಗೆ. ನಾನೂ ನಾಸ್ತಿಕಳೇ ಆದ್ದರಿಂದ ಧೈರ್ಯವಾಗಿ ಹೇಳಬಹುದು, ಅವನಷ್ಟು ತಲೆ ತಿನ್ನುವ ಮನುಷ್ಯನನ್ನು ನಾನು ಆಸ್ತಿಕರಲ್ಲಿ ಕೂಡ ಕಂಡಿಲ್ಲ.

ಎಪ್ಪತ್ತರ ದಶಕದಲ್ಲಿ ಕಾಪುವಿನಲ್ಲಿ ಬಸ್ಸು ನಿಲ್ಲುವ ಜಾಗದ ಹತ್ತಿರ ಅವನದೊಂದು ರೇಡಿಯೋ ರಿಪೇರಿ ಅಂಗಡಿ ಇತ್ತು. ಗಿರಾಕಿಯ ಸೆಟ್ಟನ್ನು ಬಿಚ್ಚಿ ಮೇಜಿನ ಮೇಲೆ ಹರಡಿದ ಮೇಲೆಯೇ ಅವನು ದೇವರ ವಿಷಯ ಎತ್ತುತ್ತಿದ್ದದ್ದು. ಬಿಚ್ಚಿದ ರೇಡಿಯೋವನ್ನು ಬಿಟ್ಟು ಯಾರೂ ಎದ್ದು ಹೋಗುವಂತಿರಲಿಲ್ಲ. ದುಬಾಯಿಯಿಂದ ಬಂದ ಟೂ-ಇನ್-ಒನ್ ರಿಪೇರಿಗೆ ತಂದ ಬ್ಯಾರಿ ವ್ಯಾಪಾರಿಯೊಬ್ಬರು, ನಮ್ಮನ್ನು ಸೃಷ್ಟಿಸಿದವನ ವಿಷಯ ನಾವು ನೋಡಿಕೊಳ್ಳುತ್ತೇವೆ, ನೀವು ಸ್ಪೀಕರ್ ನೋಡಿ ಎಂದು ನಯವಾಗಿಯೇ ಹೇಳಿದ್ದರು. ಅಣ್ಣನಿಗೆ ನಯ ತಿಳಿಯುವುದಿಲ್ಲ. ಎಲ್ಲಿಂದ ಹೊರಟರೂ ಅವನ ಮಾತು ಒಂದೇ ಕಡೆ ಬಂದು ನಿಲ್ಲುತ್ತಿತ್ತು: ಸಾಕ್ಷಿ ಕೊಡಿ, ಕೊಟ್ಟ ದಿನವೇ ಕೈ ಮುಗಿಯುತ್ತೇನೆ.

ನಾನು ಅವನ ಮೊದಲ ಶಿಷ್ಯೆ. ಮಣಿಪಾಲದ ಒಂದು ಕಾಲೇಜಿನ ಲೈಬ್ರರಿಯಲ್ಲಿ ನನಗೆ ಕೆಲಸವಿತ್ತು. ದಿನಾ ಬೆಳಿಗ್ಗೆ ಕಾಪುವಿನಿಂದ ಬಸ್ಸು ಹತ್ತಿ, ಉಡುಪಿಯಲ್ಲಿ ಇಳಿದು, ಇನ್ನೊಂದು ಬಸ್ಸು ಹಿಡಿಯುವುದು. ಅಣ್ಣ ಕೇಳಿದ ಪುಸ್ತಕಗಳನ್ನೆಲ್ಲ ತಂದುಕೊಡುವುದು, ಅವನು ಓದಿ ಹೇಳಿದ್ದಕ್ಕೆಲ್ಲ ತಲೆಯಾಡಿಸುವುದು. ಅಮ್ಮ ದೇವರ ಮುಂದೆ ದೀಪ ಹಚ್ಚಿ, ನಮ್ಮಿಬ್ಬರಿಗೂ ಸೇರಿಸಿ ಕ್ಷಮೆ ಕೇಳಿ, ಗಂಜಿ ಬಡಿಸುತ್ತಿದ್ದರು.

ಅಪ್ಪ ತೀರಿಕೊಂಡದ್ದು ಮಣಿಪಾಲದ ಆಸ್ಪತ್ರೆಯಲ್ಲಿ. ಆ ಮಧ್ಯಾಹ್ನ ನಾನು, ಅಮ್ಮ ಸ್ನಾನಕ್ಕೆಂದು ಮನೆಗೆ ಬಂದಿದ್ದೆವು. ಹತ್ತಿರ ಇದ್ದವನು ಅಣ್ಣ ಒಬ್ಬನೇ. ನಾವು ತಿರುಗಿ ಹೋಗುವಾಗ ಎಲ್ಲ ಮುಗಿದಿತ್ತು. ಕೊನೆಯ ಗಳಿಗೆಯ ಬಗ್ಗೆ ಅಮ್ಮ ಎಷ್ಟು ಕೇಳಿದರೂ ಅವನು ಬಾಯಿ ಬಿಡಲಿಲ್ಲ. ಅದೇ ಸಮಯಕ್ಕೆ ಅವನು ಪಕ್ಕದ ಅಂಗಡಿಯ ಗೋಲಿ ಸೋಡಾ ಕುಡಿಯುವುದನ್ನು ಬಿಟ್ಟ. ದಿನಕ್ಕೆ ಎರಡು ಕುಡಿಯುತ್ತಿದ್ದವನು. ಗಂಟಲಿಗೆ ಆಗುವುದಿಲ್ಲ ಎಂದ, ನಾವೂ ನಂಬಿದೆವು.

ನಮ್ಮ ಮನೆಯಲ್ಲಿ ವರ್ಷಕ್ಕೊಮ್ಮೆ ದೈವಕ್ಕೆ ತಂಬಿಲ ಕೊಡುವ ಪದ್ಧತಿ ಇತ್ತು. ಹಗಲಿನಲ್ಲೇ ನಡೆಯುವ ಸಣ್ಣ ಸೇವೆ. ಪಾತ್ರಿಯ ಮೈಮೇಲೆ ದೈವ ಬಂದು ಮನೆಯವರಿಗೆ ನುಡಿ ಕೊಡುತ್ತದೆ, ಮನೆಯ ಯಜಮಾನ ಎದುರು ನಿಂತು ಗಂಧಪ್ರಸಾದ ತೆಗೆದುಕೊಳ್ಳಬೇಕು. ಅಪ್ಪನ ನಂತರ ಅಲ್ಲಿ ನಿಲ್ಲಬೇಕಾದವನು ಅಣ್ಣ. ಅವನು ಮೂರು ವರ್ಷ ಸರಿಯಾಗಿ ಅದೇ ದಿನ ಉಡುಪಿಗೆ ವಾಲ್ವ್ ತರಲು ಹೋದ. ಯಜಮಾನ ಎಲ್ಲಿ ಎಂದು ದೈವ ಕೇಳುವುದು, ಅಮ್ಮ ತಲೆ ತಗ್ಗಿಸಿ ನಿಲ್ಲುವುದು, ನೆಂಟರು ಒಬ್ಬರ ಮುಖ ಒಬ್ಬರು ನೋಡುವುದು. ನಾಲ್ಕನೆಯ ವರ್ಷ ಅಮ್ಮ ಅವನಲ್ಲಿ ಬಾ ಎಂದೂ ಹೇಳಲಿಲ್ಲ, ಬೇರೆ ಮಾತೂ ಆಡಲಿಲ್ಲ. ಮಾತಿಲ್ಲದೆ ಬಡಿಸಿದ ಅನ್ನವನ್ನು ಎಂಟು ದಿನ ಉಂಡ ಮೇಲೆ ಅಣ್ಣ ಒಂದು ಷರತ್ತು ಹಾಕಿದ.

ಷರತ್ತು ಅವನದೇ ತಲೆಗೆ ತಕ್ಕಂತಿತ್ತು. ಒಂದು ಚೀಟಿಯಲ್ಲಿ ಪ್ರಶ್ನೆಯನ್ನೂ ಉತ್ತರವನ್ನೂ ಬರೆದು, ಲಕೋಟೆಗೆ ಹಾಕಿ, ಅರಗು ಕರಗಿಸಿ ಮುದ್ರೆ ಒತ್ತುತ್ತಾನೆ. ಪ್ರಪಂಚದಲ್ಲಿ ಅವನೊಬ್ಬನಿಗೇ ಗೊತ್ತಿರುವ ವಿಷಯ. ದೈವ ಅದನ್ನು ಹೇಳಿದರೆ ಜೀವನಪೂರ್ತಿ ಕೈ ಮುಗಿಯುತ್ತಾನೆ. ಹೇಳದಿದ್ದರೆ ಈ ವಿಷಯವನ್ನು ಅಮ್ಮ ಮತ್ತೆ ಎತ್ತಬಾರದು. ಲಕೋಟೆ ತನ್ನ ಹತ್ತಿರ ಇರಬಾರದು, ಆಸ್ತಿಕರ ಹತ್ತಿರವೂ ಇರಬಾರದು ಎಂದು ಮೂರು ದಿನ ಕಾಯಲು ನನ್ನ ಕೈಗೆ ಕೊಟ್ಟ. ನಂಬಿಕೆಗೆ ಅರ್ಹಳಾದವಳು ನೀನೊಬ್ಬಳೇ ಎಂದು ಹೇಳಿಯೇ ಕೊಟ್ಟ. ನಾನು ಹೆಮ್ಮೆಯಿಂದ ಟ್ರಂಕಿನ ತಳದಲ್ಲಿ ಸೀರೆಗಳ ಕೆಳಗೆ ಇಟ್ಟು ಬೀಗ ಹಾಕಿದೆ. ನನ್ನಂಥ ಪೆದ್ದಿ ಇನ್ನೊಬ್ಬಳಿರಲಿಕ್ಕಿಲ್ಲ.

ಹಳೆಯ ಪಾತ್ರಿಗೆ ಸೌಖ್ಯವಿಲ್ಲದ್ದರಿಂದ ಆ ಸಲ ಕಾರ್ಕಳದ ಕಡೆಯಿಂದ ಬೇರೆಯವರು ಬಂದಿದ್ದರು. ಕಲ್ಲು ಕೆತ್ತುವ ಕೆಲಸದವರು, ನಮ್ಮ ಯಾರ ಪರಿಚಯವೂ ಇಲ್ಲದವರು. ಮೈಮೇಲೆ ದೈವ ಬಂದಿತು. ಅಡಿಕೆಯ ಹಿಂಗಾರ ಹಿಡಿದು, ಗಂಟೆ ಆಡಿಸುತ್ತಾ ನೇರವಾಗಿ ಅಣ್ಣನ ಮುಂದೆ ನಿಂತರು. ಲಕೋಟೆ ನನ್ನ ಕೈಯಲ್ಲಿತ್ತು. ಅದರ ಕಡೆ ಅವರು ನೋಡಲೂ ಇಲ್ಲ. ನುಡಿ ತುಳುವಿನಲ್ಲಿ ಬಂತು, ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ:

"ನಿನ್ನ ತಂದೆ ಗೋಲಿ ಇರುವ ಬಾಟ್ಲಿಯ ನೀರು ಕೇಳಿದ. ನೀನು ಕೊಡಲಿಲ್ಲ. ಆಗಲಿ, ನಾಳೆ ಕುಡಿಯುವಾ ಅಂತ ಅವನೇ ಹೇಳಿದ. ಇನ್ನು ಅದನ್ನು ಹೊತ್ತುಕೊಂಡು ತಿರುಗಬೇಡ."

ಲಕೋಟೆಯನ್ನು ಸೋದರಮಾವ ತೆಗೆದುಕೊಂಡರು. ಅರಗಿನ ಮುದ್ರೆ ಒಡೆದಿರಲಿಲ್ಲ, ಅದನ್ನು ನಾಲ್ಕು ಜನರಿಗೆ ತೋರಿಸಿಯೇ ಒಡೆದು ಓದಿದರು. ಪ್ರಶ್ನೆ: ಅಪ್ಪ ಕೊನೆಗೆ ನನ್ನಲ್ಲಿ ಏನು ಕೇಳಿದರು? ಉತ್ತರ: ಗೋಲಿ ಸೋಡಾ, ಡಾಕ್ಟರು ಬೇಡ ಎಂದದ್ದಕ್ಕೆ ನಾನು ಕೊಡಲಿಲ್ಲ. ಅಷ್ಟೇ ಇದ್ದದ್ದು. ಆ ‘ನಾಳೆ’ ಚೀಟಿಯಲ್ಲಿ ಇರಲಿಲ್ಲ. ದೈವ ಸಮಾಧಾನಕ್ಕೆ ಸೇರಿಸಿದ ಮಾತು ಎಂದು ಎಲ್ಲರೂ ಅಂದುಕೊಂಡೆವು. ಅಮ್ಮ ಅಳುತ್ತಾ ನೆಲಕ್ಕೆ ಹಣೆ ಹಚ್ಚಿದರು. ಪಾತ್ರಿ ಗಂಧ ಚಾಚಿದರು. ಅಣ್ಣನ ಕೈ ಅರ್ಧ ಮುಂದೆ ಹೋಯಿತು, ಅಲ್ಲೇ ನಿಂತಿತು. ಅವನು ತಿರುಗಿ ನನ್ನನ್ನು ನೋಡಿದ.

"ನೀನೇ ಹೇಳಿದ್ದು," ಎಂದ.

ಇಷ್ಟು ವರ್ಷ ಸಾಕ್ಷಿ ಸಾಕ್ಷಿ ಎಂದು ಊರಿಡೀ ಕೂಗಿದ ಮನುಷ್ಯನಿಗೆ ಸಾಕ್ಷಿ ಸಿಕ್ಕಿತು, ಸಿಕ್ಕಿದ ಕೂಡಲೇ ಅವನು ಕಂಡುಹಿಡಿದದ್ದು ತಂಗಿ ಕಳ್ಳಿ ಎಂಬುದನ್ನು. ದೇವರಿದ್ದಾನೆ ಎಂದು ಒಪ್ಪುವುದಕ್ಕಿಂತ ಅದು ಅವನಿಗೆ ಸುಲಭವಾಯಿತು. ಕೈ ಮುಗಿಯುವುದು ಎಂತಾಯಿತು ಎಂದು ಅಮ್ಮ ಕೇಳಿದರೆ, ಮೊದಲು ವಿಚಾರಣೆ ಮುಗಿಯಲಿ ಎಂದ.

ವಿಚಾರಣೆ ಎಂದರೆ ಹೇಗೆ ಅಂತೀರಿ. ಒಂದು ಕಟ್ಟು ಲಕೋಟೆ, ಅರಗು ತಂದು ಅಂಗಡಿಯಲ್ಲಿಟ್ಟುಕೊಂಡ. ಸೋಲ್ಡರಿಂಗ್ ಕಡ್ಡಿಯಿಂದ ಬ್ಲೇಡು ಕಾಯಿಸಿ ಮುದ್ರೆಯ ಅಡಿಗೆ ತೂರಿಸುವುದು, ಎಬ್ಬಿಸುವುದು, ಮತ್ತೆ ಕೂರಿಸುವುದು. ಗಿರಾಕಿಗಳ ರೇಡಿಯೋಗಳು ಧೂಳು ತಿನ್ನುತ್ತಾ ಕುಳಿತವು. ಹದಿನೇಳನೆಯ ಲಕೋಟೆ ಗುರುತೇ ಸಿಗದಂತೆ ತೆರೆಯಿತು. ಅದನ್ನು ಊಟದ ಹೊತ್ತಿಗೆ ತಂದು ನನ್ನ ಬಟ್ಟಲಿನ ಪಕ್ಕದಲ್ಲಿಟ್ಟು, ನೋಡು, ಆಗುತ್ತದೆ ಎಂದ. ಆಗುತ್ತದೆ ಎಂದರೆ ನಾನು ಮಾಡಿದೆ ಎಂದು ಹೇಗಾಯಿತು ಎಂದೆ. ಮತ್ತೆ ಯಾರು ಮಾಡಿದ್ದು, ನೀನೇ ಹೇಳು ಎಂದ. ನನ್ನ ಮರ್ಯಾದೆ ಉಳಿಯಬೇಕಾದರೆ ನಾನು ದೈವದ ಕಡೆಯ ವಕೀಲಳಾಗಬೇಕಿತ್ತು. ಎಂಥ ಗತಿ ನೋಡಿ.

ಆಸ್ಪತ್ರೆಯಲ್ಲಿ ಪಕ್ಕದ ಹಾಸಿಗೆಯವರು ಕೇಳಿಸಿಕೊಂಡಿರಬಹುದಲ್ಲ ಎಂದು ನಾನೇ ದಾರಿ ತೋರಿಸಿದೆ. ಪಕ್ಕದ ಹಾಸಿಗೆ ಆ ದಿನ ಖಾಲಿ ಇತ್ತಂತೆ, ನರ್ಸು ಹೊರಗಿದ್ದರಂತೆ, ಅಪ್ಪನ ದನಿ ಅವನಿಗೇ ಸರಿಯಾಗಿ ಕೇಳುತ್ತಿರಲಿಲ್ಲವಂತೆ. ನಮ್ಮ ಲೈಬ್ರರಿಗೆ ಕಾರ್ಕಳದಿಂದ ಬರುವ ಅಟೆಂಡರ್ ಒಬ್ಬರಿದ್ದರು. ಅವರ ಮೂಲಕ ನಾನು ಪಾತ್ರಿಗೆ ಸುದ್ದಿ ಮುಟ್ಟಿಸಿದೆ ಎನ್ನಲು ಅಣ್ಣನಿಗೆ ಅಷ್ಟು ಸಾಕಾಯಿತು. ಒಂದು ಭಾನುವಾರ ಕಾರ್ಕಳಕ್ಕೇ ಹೋಗಿ ಆ ಪಾತ್ರಿಯನ್ನು ಹಿಡಿದ. ಅವರು ಕಲ್ಲಿನ ಧೂಳಿನಲ್ಲಿ ಕುಳಿತು ಉಳಿ ಹೊಡೆಯುತ್ತಾ, ಆಗ ಮಾತಾಡಿದ್ದು ತಾನಲ್ಲ, ತನಗೆ ಒಂದಕ್ಷರವೂ ನೆನಪಿಲ್ಲ ಎಂದರಂತೆ. ಅಣ್ಣ ಬಿಡದೆ ಪೀಡಿಸಿದಾಗ ಅವರು ಕೇಳಿದ್ದನ್ನು ಅವನು ಸಿಟ್ಟಿನಲ್ಲಿ ಮನೆಗೆ ಬಂದು ವರದಿ ಮಾಡಿದ:

"ನೀವು ರೇಡಿಯೋದವರಲ್ವಾ ಮಾರಾಯ್ರೆ? ನಿನ್ನೆಯ ವಾರ್ತೆ ಎಂತದು ಅಂತ ರೇಡಿಯೋದ ಹತ್ರ ಕೇಳಿದರೆ ಅದು ಹೇಳ್ತದಾ?"

ನನಗೆ ನಗು ಬಂತು. ಆ ನಗುವೇ ನನ್ನ ಅಪರಾಧಕ್ಕೆ ಇನ್ನೊಂದು ಆಧಾರವಾಯಿತು.

ಇನ್ನು ನನ್ನ ಕಥೆ. ನಾನು ಹೇಳಿರಲಿಲ್ಲ ಎಂಬುದು ನನಗೆ ಗೊತ್ತು. ಅಂದರೆ ಅಣ್ಣ ಊರೆಲ್ಲ ಹುಡುಕುತ್ತಿದ್ದ ಸಾಕ್ಷಿ ಇದ್ದದ್ದು ನನ್ನೊಬ್ಬಳ ಹತ್ತಿರ. ಅದನ್ನು ಇಟ್ಟುಕೊಂಡು ಏನು ಮಾಡಬೇಕೆಂದು ಯಾವ ಪುಸ್ತಕವೂ ಹೇಳಿಕೊಟ್ಟಿರಲಿಲ್ಲ. ನಾನು ದೀಪ ಹಚ್ಚಲು ಹೊರಡಲಿಲ್ಲ, ಉಪವಾಸ ಹಿಡಿಯಲಿಲ್ಲ. ಮರುದಿನ ಎಂದಿನ ಬಸ್ಸು ಹತ್ತಿ ಎಂದಿನ ಕಪಾಟಿನ ಧೂಳು ಒರೆಸಿದೆ. ನಿಜ ಹೇಳಬೇಕೆಂದರೆ ನನಗೆ ಬಂದದ್ದು ಭಕ್ತಿಯಲ್ಲ, ಸಿಟ್ಟು. ಇರುವುದಾದರೆ ಇರಲಿ ಮಾರಾಯ, ಇದ್ದೇನೆ ಎಂದು ತೋರಿಸಲು ನನ್ನ ಹೆಸರನ್ನೇ ಕೆಡಿಸಬೇಕಿತ್ತಾ?

ಏಕೆಂದರೆ ಹೋದದ್ದು ನನ್ನ ಅಣ್ಣ. ಅವನು ಜಗಳವಾಡಲಿಲ್ಲ, ಮಾತು ಬಿಡಲೂ ಇಲ್ಲ. ನಾನು ಅಂಗಡಿಗೆ ಹೋದರೆ ಮೇಜಿನ ಖಾನೆಗೆ ಬೀಗ ತಿರುಗಿಸುತ್ತಿದ್ದ, ಅಷ್ಟೇ. ಅದರೊಳಗೆ ಇದ್ದದ್ದು ಸ್ಕ್ರೂ, ತಂತಿ. ಪುಸ್ತಕ ತರಲು ಹೇಳುವುದನ್ನು ನಿಲ್ಲಿಸಿದ. ನಾಲ್ಕು ವರ್ಷ ಹೀಗೆ ನಡೆಯಿತು. ಎಷ್ಟೋ ಸಲ ಬಸ್ಸಿನಲ್ಲಿ ಕಿಟಕಿಯ ಕಡೆ ತಿರುಗಿ ಅತ್ತಿದ್ದೇನೆ.

ಎಂಬತ್ತರ ದಶಕ ಬಂತು, ಅಣ್ಣನ ಅಂಗಡಿಗೆ ಟಿವಿಗಳು ಬರತೊಡಗಿದವು, ನನಗೆ ಮದುವೆ ಗೊತ್ತಾಯಿತು. ಅಪ್ಪನ ಜಾಗದಲ್ಲಿ ನಿಂತು ಧಾರೆ ಎರೆಯಬೇಕಾದವನು ಅವನೇ. ಮದುವೆಗೆ ಒಂದು ವಾರ ಇರುವಾಗ ನನ್ನನ್ನು ಅಂಗಡಿಗೆ ಬರಹೇಳಿದ. ಆ ದಿನ ಅವನನ್ನು ಸರಿಯಾಗಿ ನೋಡಿದೆ. ತೆಳ್ಳಗಾಗಿದ್ದ, ಕಣ್ಣಿನ ಕೆಳಗೆ ಕಪ್ಪಾಗಿತ್ತು. ಮೇಜಿನ ಮೂಲೆಯಲ್ಲಿ ಆ ಲಕೋಟೆಗಳ ಕಟ್ಟು ಇನ್ನೂ ಇತ್ತು.

"ಹೋಗುವ ಮೊದಲು ಒಂದು ಮಾತು ಹೇಳಿ ಹೋಗು," ಎಂದ. "ನಾನೇ ಹೇಳಿದ್ದು ಅಂತ ಹೇಳು. ನನಗೆ ಸಿಟ್ಟಿಲ್ಲ. ಹೇಳಿದರೆ ಸಾಕು."

ಅವನು ಆರೋಪ ಮಾಡುತ್ತಿರಲಿಲ್ಲ, ಬೇಡುತ್ತಿದ್ದ. ಈ ನಾಲ್ಕು ವರ್ಷ ಅವನು ನನ್ನನ್ನು ಪೂರ್ತಿ ನಂಬದೆ ಇರಲೂ ಆಗದೆ, ಪೂರ್ತಿ ನಂಬಲೂ ಆಗದೆ ಒದ್ದಾಡಿದ್ದಾನೆ ಎಂದು ಆಗ ಹೊಳೆಯಿತು. ನಂಬಿದರೆ ಅವನ ಇಡೀ ಜೀವನದ ಮಾತೇ ಸುಳ್ಳಾಗುತ್ತಿತ್ತು. ನನಗೆ ಸಾಕಾಗಿತ್ತು. ಅವನೂ ಬೇಕಿದ್ದ.

"ಹೌದು. ನಾನೇ ತೆರೆದದ್ದು, ನಾನೇ ಹೇಳಿ ಕಳಿಸಿದ್ದು. ಅಮ್ಮನಿಗೆ ಮಾತ್ರ ಹೇಳಬೇಡ," ಎಂದೆ.

ಅಣ್ಣ ಉಸಿರು ಬಿಟ್ಟ. ಅಂಥ ಉಸಿರನ್ನು ಅವನಿಂದ ನಾನು ಕೇಳಿರಲೇ ಇಲ್ಲ. ಗೊತ್ತಿತ್ತು ನನಗೆ, ಗೊತ್ತಿತ್ತು ಎಂದು ಎರಡು ಮೂರು ಸಲ ಹೇಳಿದ. ಬ್ಲೇಡು ಕಾಯಿಸಿದ್ದು ಹೇಗೆ ಎಂದು ಕೇಳಿದ. ಅವನೇ ತೋರಿಸಿಕೊಟ್ಟಿದ್ದ ಉಪಾಯವನ್ನು ಅವನಿಗೇ ಒಪ್ಪಿಸಿದೆ. ನಕ್ಕ. ಪಕ್ಕದ ಅಂಗಡಿಗೆ ಕೂಗಿ ಎರಡು ಗೋಲಿ ಸೋಡಾ ತರಿಸಿದ. ಅಪ್ಪ ಹೋದ ಮೇಲೆ ಅದೇ ಮೊದಲು. ಹೆಬ್ಬೆರಳನ್ನು ಗೋಲಿಯ ಮೇಲಿಟ್ಟು, ತಲೆ ಎತ್ತದೆ ಕೇಳಿದ:

"ಆ ‘ನಾಳೆ ಕುಡಿಯುವಾ’ ಅನ್ನುವ ಮಾತು ಉಂಟಲ್ಲ, ಅದು ಎಲ್ಲಿಂದ ತಂದದ್ದು? ಅದನ್ನು ನಾನು ಬರೆದಿರಲಿಲ್ಲ."

"ಅದು ನಾನೇ ಸೇರಿಸಿದ್ದು. ನಿನಗೆ ಸಮಾಧಾನ ಆಗಲಿ ಅಂತ."

ಗೋಲಿ ಒಳಗೆ ಬಿತ್ತು. ನೊರೆ ಉಕ್ಕಿ ಅವನ ಕೈ ಮೇಲೆ, ಮೇಜಿನ ಮೇಲೆ, ಯಾರದೋ ಬಿಚ್ಚಿಟ್ಟ ರೇಡಿಯೋದ ಮೇಲೆ ಹರಿಯಿತು. ಒಂದು ಹನಿ ನೀರು ಬಿದ್ದರೆ ರೇಗುವವನು ಅದನ್ನು ಒರೆಸಲಿಲ್ಲ. ನನ್ನ ಮುಖವನ್ನೇ ನೋಡಿದ. ಆ ನೋಟದಲ್ಲಿ ನನಗೆ ತಿಳಿಯಿತು: ಅಪ್ಪ ಆ ಮಾತನ್ನು ನಿಜವಾಗಿಯೂ ಆಡಿದ್ದರು. ಅಣ್ಣನೊಬ್ಬನಿಗೇ ಗೊತ್ತಿದ್ದ, ಅವನು ಎಲ್ಲೂ ಬರೆಯದ ಮಾತು. ನಾನು ಸೇರಿಸಿದೆ ಎಂದ ಗಳಿಗೆಯಲ್ಲೇ ನನ್ನ ತಪ್ಪೊಪ್ಪಿಗೆ ಪೂರ್ತಿ ಸುಳ್ಳೆಂದು ಅವನಿಗೆ ಗೊತ್ತಾಗಿಹೋಗಿತ್ತು, ಗೊತ್ತಾದದ್ದು ನನಗೂ ಕಂಡಿತ್ತು.

ನಾನು ಕಾದೆ.

"ಒಳ್ಳೆಯದನ್ನೇ ಸೇರಿಸಿದ್ದಿ," ಎಂದು ಬಾಟ್ಲಿ ಎತ್ತಿ ಕುಡಿದ. ನಾನೂ ನನ್ನದನ್ನು ಕುಡಿದೆ.

ಧಾರೆಯ ದಿನ ಅವನು ಮುಖ ತಿರುಗಿಸಲಿಲ್ಲ. ಮುಂದಿನ ತಂಬಿಲಕ್ಕೆ ಉಡುಪಿಗೂ ಹೋಗಲಿಲ್ಲ. ಎದುರು ನಿಂತು ಗಂಧ ತೆಗೆದುಕೊಂಡ, ಕೈ ಮಾತ್ರ ಮುಗಿಯಲಿಲ್ಲ. ಅಮ್ಮನಿಗೆ ಅಷ್ಟೇ ಸಾಕಿತ್ತು. ನನ್ನ ಮುಂದೆ ಮೇಜಿನ ಖಾನೆಗೆ ಬೀಗ ಹಾಕುವುದನ್ನು ನಿಲ್ಲಿಸಿದ. ಆ ಲಕೋಟೆಯ ವಿಷಯ ನಾವಿಬ್ಬರೂ ಮತ್ತೆ ಎತ್ತಿಲ್ಲ.

ಗಿರಾಕಿಗಳ ಹತ್ತಿರ ಅವನು ಈಗಲೂ ಸಾಕ್ಷಿ ಕೇಳುತ್ತಾನೆ. ನಾನು ಅಂಗಡಿಯಲ್ಲಿದ್ದರೆ ಕೇಳುವುದಿಲ್ಲ.